ನಡೆದು ನೋಡಿ ಹಿಡಿದ ಮನೆ

ಕೊಪ್ಪಳ ಹೊಸದಾಗಿ ಜಿಲ್ಲೆಯಾದ ವರ್ಷವೇ ನಾವು ಗಂಗಾವತಿಯ ಹಳೆಯ ಓಣಿಯ ಬಾಡಿಗೆ ಮನೆ ಬಿಟ್ಟು, ಕನಕಗಿರಿ ರಸ್ತೆಯ ಕಡೆ ಹೊಸ ಬಡಾವಣೆಗೆ ಹೋದೆವು. ನನ್ನ ಗಂಡ ಸರ್ಕಾರಿ ಬಸ್ಸಿನ ಚಾಲಕರು, ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಓಣಿಯ ಗದ್ದಲ, ಬಾಗಿಲ ಮುಂದಿನ ಗಟಾರ, ನಸುಕಿನಿಂದ ಶುರುವಾಗುವ ನಲ್ಲಿ ನೀರಿನ ಜಗಳ ಎಲ್ಲ ಬಿಟ್ಟು ಹೋಗುವಾಗ ನನಗೆ ಒಂದಿಷ್ಟೂ ಬೇಸರವಾಗಿರಲಿಲ್ಲ. ಬಡಾವಣೆಯಲ್ಲಿ ಅಗಲ ರಸ್ತೆ, ಎದುರಿಗೆ ಖಾಲಿ ಬಯಲು, ಎಲ್ಲ ಕಡೆ ಗಾಳಿ. ಏನಾದರೂ ಬೇಕಾದರೆ ಸ್ಕೂಟರ್ ಹತ್ತಬೇಕು, ಅಷ್ಟೇ. ಸ್ಕೂಟರ್ ನಡೆಸಲು ಅವರಿದ್ದರು.

ಹದಿಮೂರು ವರ್ಷ ಹಾಗೇ ನಡೆಯಿತು. ಆಮೇಲೆ ಒಂದು ಸಂಜೆ, ಕಾಯಿಪಲ್ಲೆ ಚೀಲ ತೊಡೆಯ ಮೇಲಿಟ್ಟುಕೊಂಡು ನಾನು ಅವರ ಹಿಂದೆ ಕುಳಿತು ಬರುತ್ತಿದ್ದಾಗ, ಬಡಾವಣೆಯ ತಿರುವಿನಲ್ಲಿ ಸ್ಕೂಟರಿನ ಹಿಡಿಕೆ ಮೇವಿನ ಹೊರೆ ಹೊತ್ತ ಹೆಂಗಸಿಗೆ ತಾಗಿತು. ಆಕೆ ರಸ್ತೆಯ ಎಡಕ್ಕೆ ತನ್ನ ಪಾಡಿಗೆ ತಾನು ಹೋಗುತ್ತಿದ್ದವಳು. ಹೊರೆಯ ಸಮೇತ ಧೂಳಿನಲ್ಲಿ ಕುಸಿದು ಕೂತಳು. ಪುಣ್ಯಕ್ಕೆ ಪೆಟ್ಟಾಗಲಿಲ್ಲ. ಎದ್ದು ಸೆರಗು ಝಾಡಿಸಿಕೊಂಡು ಬೈದಳು.

"ಕಣ್ಣು ಕಾಣೂದಿಲ್ಲೇನು ನಿನಗ? ಇಷ್ಟು ದೊಡ್ಡ ಹೊರಿ ಕಾಣಲಿಲ್ಲಾ?"

ಅವರು ಸ್ಕೂಟರ್ ನಿಲ್ಲಿಸಿ ಇಳಿದರು. ಹೊರೆ ಎತ್ತಿ ಆಕೆಯ ತಲೆಯ ಮೇಲಿಟ್ಟರು. ಆಮೇಲೆ ಸ್ಕೂಟರ್ ಚಾಲೂ ಮಾಡದೆ ಮನೆಯವರೆಗೂ ತಳ್ಳಿಕೊಂಡು ಬಂದರು. ಬಾಗಿಲಲ್ಲಿ ಕೀಲಿ ನನ್ನ ಕೈಗೆ ಕೊಟ್ಟು ಹೇಳಿದರು:

"ಅಕಿ ಖರೇನ ಕೇಳಿದ್ಲು. ಇನ್ನ ನಾ ಗಾಡಿ ಹೊಡ್ಯೂದಿಲ್ಲ."

ನನಗೆ ಗೊತ್ತಿದ್ದ ವಿಷಯವೇ. ಎರಡು ವರ್ಷದ ಹಿಂದೆ ಹೊಸಪೇಟೆಯ ಕಣ್ಣಿನ ಡಾಕ್ಟರು ಹೇಳಿದ್ದರು, ಕಣ್ಣೊಳಗಿನ ಒತ್ತಡ ಹೆಚ್ಚಾಗಿ ಬದಿಯ ನೋಟ ಕರಗುತ್ತಿದೆ, ಹೋದದ್ದು ಮರಳಿ ಬರುವುದಿಲ್ಲ ಎಂದು. ಎದುರಿಗಿದ್ದದ್ದು ಕಾಣುತ್ತದೆ, ಪೇಪರೂ ಓದುತ್ತಾರೆ. ಎಡಬಲಕ್ಕೆ ಯಾರು ಬಂದರೂ ಗೊತ್ತಾಗುವುದಿಲ್ಲ. ಆ ವಾರವೇ ಅವರು ತಾವಾಗಿಯೇ ಹೋಗಿ ಹೇಳಿ ಬಸ್ಸಿನಿಂದ ಇಳಿದಿದ್ದರು. ಡಿಪೋದಲ್ಲಿ ಕುಳಿತು ಮಾಡುವ ಕೆಲಸ ಸಿಕ್ಕಿತ್ತು. ಬಡಾವಣೆಯವರು ಕೇಳಿದರೆ ಬೆನ್ನುನೋವು ಎನ್ನುತ್ತಿದ್ದೆವು. ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಹೋದರೆ ಸ್ಕೂಟರಿಗೆ ಅಡ್ಡಿಯಿಲ್ಲ ಎಂದು ಇಬ್ಬರೂ ನಮಗೆ ನಾವೇ ಹೇಳಿಕೊಂಡಿದ್ದೆವು. ಅದು ತಪ್ಪು. ಈಗಲೂ ಆ ಹೆಂಗಸಿನ ಹೊರೆ ನೆನಪಾದರೆ ನನಗೆ ನಾಚಿಕೆಯಾಗುತ್ತದೆ.

ಸ್ಕೂಟರ್ ನಿಂತ ಮೇಲೆ ಬಡಾವಣೆ ನಮ್ಮಿಂದ ದೂರವಾಯಿತು. ಹಾಲಿಗೆ, ಗಿರಣಿಗೆ, ಔಷಧಕ್ಕೆ ಆಟೋ ಕಾಯಬೇಕು. ಆಟೋದವರು ಅಷ್ಟು ದೂರ ಬರಲು ಒಲ್ಲೆ ಎನ್ನುತ್ತಿದ್ದರು. ನನ್ನ ಗಂಡ ನಿವೃತ್ತರಾದ ಮೇಲಂತೂ, ನಾನು ಶಾಲೆಗೆ ಹೋದರೆ ಸಂಜೆವರೆಗೆ ಒಬ್ಬರೇ. ಒಂದು ದಿನ ಬಂದು ನೋಡಿದರೆ ಅಂಗಳದಲ್ಲೇ ಗೋಡೆಯಿಂದ ಗೋಡೆಗೆ ನಡೆಯುತ್ತಿದ್ದರು.

"ಏನು ಮಾಡಾಕತ್ತೀರಿ?" ಎಂದೆ.

"ಪ್ಯಾಟಿಗೆ ಹೊಂಟೀನಿ," ಎಂದರು. ನಗಲಿಲ್ಲ.

ಹಳೆಯ ಓಣಿಗೇ ಮರಳುವ ಮಾತು ತೆಗೆದದ್ದು ನಾನು. ಅಲ್ಲಿಂದ ನನ್ನ ಶಾಲೆ ಹತ್ತು ನಿಮಿಷದ ನಡಿಗೆ, ಬಸ್ ಸ್ಟ್ಯಾಂಡ್ ಹದಿನೈದು, ಕಿರಾಣಿ ಅಂಗಡಿ ಓಣಿಯ ಬಾಯಲ್ಲೇ. ಕುಷ್ಟಗಿಯಲ್ಲಿರುವ ಮಗಳು ಫೋನಿನಲ್ಲಿ ಒಪ್ಪಲಿಲ್ಲ.

"ಅವ್ವಾ, ಆ ಗದ್ದಲದಾಗ ಯಾವನರ ನಿನ್ನ ಕೊಳ್ಳಾಗಿನ ಸರ ಹರಕೊಂಡು ಹೋದ್ರ ಏನು ಮಾಡ್ತಿ? ಅಪ್ಪಾಗ ಗಾಡಿ ಬಡದ್ರ?"

"ಬಡಾವಣ್ಯಾಗ ಹರಕೊಂಡ್ರ ಕೂಗಿದ್ದು ಯಾರಿಗೆ ಕೇಳಸ್ತೈತಿ?" ಎಂದೆ. ಆದರೆ ಫೋನ್ ಇಟ್ಟ ಮೇಲೆ ನನಗೂ ಅಳುಕಾಯಿತು. ಹದಿನಾಲ್ಕು ವರ್ಷದಲ್ಲಿ ಓಣಿ ಬದಲಾಗಿರುತ್ತದೆ. ನೆನಪನ್ನು ನಂಬಿ ಮನೆ ಹಿಡಿಯುವುದು ಬೇಡ, ನಡೆದು ನೋಡೋಣ ಎಂದು ಇಬ್ಬರೂ ಒಪ್ಪಿದೆವು.

ಮೊದಲ ಸಲ ಹೋದದ್ದು ಭಾನುವಾರ ಬೆಳಿಗ್ಗೆ. ಅವರು ಹೊಸ ಮಾರ್ಗಕ್ಕೆ ಬಸ್ಸು ಒಯ್ಯುವವರಂತೆ ಗಂಭೀರವಾಗಿ ನಡೆದರು. ತಲೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಪೂರಾ ಹೊರಳಿಸಿ ನೋಡಿ, ನೋಡಿದ್ದನ್ನು ಬಾಯಿಪಾಠ ಮಾಡಿದರು. "ಬಲಕ್ಕ ಗಟಾರ ಮುಚ್ಯಾರ. ಎಡಕ್ಕ ಮೂರು ಕಡೆ ಚಪ್ಪಡಿ ಇಲ್ಲ. ಗುಡಿ ದಾಟಿದ ಕೂಡ್ಲೆ ಒಂದು ಉಬ್ಬು." ನಾನು ನೋಡುತ್ತಿದ್ದದ್ದು ಬೇರೆ. ಬಾಗಿಲುಗಳು ತೆರೆದಿವೆಯೋ ಮುಚ್ಚಿವೆಯೋ, ಹೆಣ್ಣುಮಕ್ಕಳು ಒಬ್ಬೊಬ್ಬರೇ ಓಡಾಡುತ್ತಾರೋ ಇಲ್ಲವೋ.

ಎರಡನೆಯ ಸಲ ಮಟಮಟ ಮಧ್ಯಾಹ್ನ ಹೋದೆವು. ಓಣಿಯಲ್ಲಿ ನರಪಿಳ್ಳೆ ಇರಲಿಲ್ಲ. ಎಲ್ಲ ಕದ ಮುಚ್ಚಿತ್ತು, ಎರಡು ನಾಯಿ ಮಲಗಿದ್ದವು. ನನ್ನ ಹೆಜ್ಜೆ ನನಗೇ ಕೇಳಿಸುತ್ತಿತ್ತು. ಬೆಳಿಗ್ಗೆಯ ಧೈರ್ಯ ಅರ್ಧ ಇಳಿಯಿತು.

ಮೂರನೆಯ ಸಲ ಬೇಕೆಂದೇ ದೀಪ ಹಚ್ಚುವ ಹೊತ್ತಿಗೆ ಹೋದೆವು. ನಾವು ಓಣಿಯ ನಡುವೆ ಇದ್ದಾಗ ಕರೆಂಟ್ ಹೋಯಿತು. ನಾನು ಗಂಡನ ಕೈ ಹಿಡಿದು ಗೋಡೆಗೆ ಸರಿದು ನಿಂತೆ. ಸ್ವಲ್ಪ ಹೊತ್ತಿಗೆ ಒಂದೊಂದೇ ಕದ ತೆರೆದವು. ಸೆಕೆಗೆ ಜನ ಬೀಸಣಿಕೆ ಹಿಡಿದು ಕಟ್ಟೆಗೆ ಬಂದರು. ಟ್ಯೂಷನ್ ಮುಗಿಸಿ ಬಂದ ಹುಡುಗಿಯೊಬ್ಬಳು ಪುಸ್ತಕ ಎದೆಗವಚಿಕೊಂಡು, ಕಟ್ಟೆಯ ಮೇಲಿನವರ ಜೊತೆ ಮಾತಾಡುತ್ತಲೇ ಕತ್ತಲಲ್ಲಿ ಒಬ್ಬಳೇ ಹಾದುಹೋದಳು. ಅವಳ ನಡಿಗೆಯಲ್ಲಿ ಆತುರವಿರಲಿಲ್ಲ. ನಾನು ಅದನ್ನೇ ನೋಡುತ್ತಿದ್ದಾಗ ಎದುರಿನ ಕಟ್ಟೆಯಿಂದ ಒಂದು ದನಿ ಬಂತು.

"ಯಾರ್ರಿ ಅದು? ಮೂರನೇ ಸಲ ನೋಡಾಕತ್ತೀನಿ ನಿಮ್ಮನ್ನ."

ತೊಡೆಯ ಮೇಲೆ ಅರ್ಧ ಹೊಲಿದ ಕೌದಿ ಹರಡಿಕೊಂಡಿದ್ದ, ನನ್ನದೇ ವಯಸ್ಸಿನ ಹೆಂಗಸು. ನಮ್ಮ ಕಾಲದ ಮಂದಿ ಹೆಚ್ಚಾಗಿ ಓಣಿ ಬಿಟ್ಟಿದ್ದರು, ಈಕೆಯ ಗುರುತು ನನಗಿರಲಿಲ್ಲ. ಇಲ್ಲಿ ಹಿಂದೆ ಇದ್ದವರು, ಮನೆ ನೋಡಲು ಬಂದಿದ್ದೇವೆ ಎಂದೆ.

"ಮನಿ ನೋಡೋರು ಕದಾ ಬಡದು ಕೇಳ್ತಾರ್ರಿ. ನೀವು ಓಣಿ ಅಳತಿ ಮಾಡ್ಕೋತ ಹೊಂಟೀರಿ. ಮಂದಿ ಏನು ತಿಳ್ಕೋಬೇಕು?"

ನನಗೆ ಮುಖಕ್ಕೆ ಹೊಡೆದಂತಾಯಿತು. ನನ್ನ ಗಂಡ ಮಾತ್ರ ಆಟೋದಲ್ಲಿ ಕುಳಿತ ಮೇಲೆ ಗಟ್ಟಿಯಾಗಿ ನಕ್ಕರು. "ಈ ಓಣ್ಯಾಗ ಕಳ್ಳಗ ಭಾಳ ತ್ರಾಸ ಐತಿ," ಎಂದರು. ಆ ಓಣಿಯಲ್ಲೇ ಖಾಲಿಯಿದ್ದ ಎರಡು ಕೋಣೆಯ ಮನೆ ಹಿಡಿದೆವು.

ಕಳ್ಳನಿಗೆ ಅಂಥ ತ್ರಾಸವೇನೂ ಇರಲಿಲ್ಲ. ಹೋದ ಮೊದಲ ವಾರವೇ, ಮಧ್ಯಾಹ್ನ ಎರಡರ ಹೊತ್ತಿಗೆ, ಬಾಗಿಲ ಮುಂದೆ ತೊಳೆದು ಬೋರಲು ಹಾಕಿದ್ದ ನನ್ನ ತವರಿನ ತಾಮ್ರದ ಕೊಡವನ್ನು ಯಾರೋ ಎತ್ತಿಕೊಂಡು ಹೋದರು. ಕೇಳಿದರೆ ಯಾರೂ ನೋಡಿಲ್ಲ. ಕೌದಿ ಹೊಲಿಯುವ ಆಕೆ ಅಂದು ಸಿದ್ದಾಪುರಕ್ಕೆ ಮದುವೆಗೆ ಹೋಗಿದ್ದರು. ಅವರನ್ನು ಓಣಿಯವರೆಲ್ಲ ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದರು, ನಾನೂ ಹಾಗೇ ಕರೆಯತೊಡಗಿದ್ದೆ.

ಕೊಡಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಓಣಿಯವರ ಬಿಗುಮಾನ. ನನ್ನ ಜೊತೆ ಮಾತಾಡುವವರು ನನ್ನ ಗಂಡನನ್ನು ಕಂಡರೆ ಸುಮ್ಮನಾಗುತ್ತಿದ್ದರು. ಇವರು ದಿನಾ ಬೆಳಿಗ್ಗೆ ಬಾಯಿಪಾಠ ಮಾಡಿದ ದಾರಿಯಲ್ಲಿ ಬಸ್ ಸ್ಟ್ಯಾಂಡಿನವರೆಗೆ ನಡೆದು, ಒಂದು ಪೇಪರ್ ತರುತ್ತಿದ್ದರು. ನೆಟ್ಟಗೆ ಮುಂದೆ ನೋಡುತ್ತ ಹೋಗುವುದು, ನೆಟ್ಟಗೆ ಬರುವುದು. ಯಾರೂ ಅವರನ್ನು ಮಾತಾಡಿಸುತ್ತಿರಲಿಲ್ಲ.

ಮೂರು ತಿಂಗಳಾಗಿರಬೇಕು. ಅಂದು ಶಾಲೆಗೆ ರಜೆ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಬಾಗಿಲಲ್ಲಿ ಸದ್ದಾಯಿತು. ಓಣಿಯ ಸೈಕಲ್ ಪಂಕ್ಚರ್ ಅಂಗಡಿಯವರು ಇವರನ್ನು ತೋಳಿಗೆ ಆನಿಸಿಕೊಂಡು ನಿಂತಿದ್ದರು. ಇವರ ಧೋತರ ಮೊಣಕಾಲಿನವರೆಗೆ ಕೆಸರು, ಮೊಣಕಾಲಲ್ಲಿ ರಕ್ತ, ಒಂದು ಕಾಲಲ್ಲಿ ಚಪ್ಪಲಿ ಇಲ್ಲ. ನೀರಿನ ಟ್ರ್ಯಾಕ್ಟರ್ ಹಿಂದಕ್ಕೆ ಬರುವಾಗ ಸರಿದು ನಿಲ್ಲಲು ಹೋಗಿ, ಎಡಗಡೆಯ ತೆರೆದ ಗಟಾರದೊಳಗೆ ಕಾಲಿಟ್ಟಿದ್ದರು.

"ನಾ ಎಡಕ್ಕ ನಿಂತು ಕೂಗೀನ್ರಿ ಅಕ್ಕೋರ, ನಿಂದರ್ರಿ ನಿಂದರ್ರಿ ಅಂತ. ಸಾಹೇಬ್ರು ಹೊರಳಿ ನೋಡಲಿಲ್ಲ," ಎಂದರು ಅಂಗಡಿಯವರು. ಅವರ ದನಿಯಲ್ಲಿ ಮರುಕವೂ ಇತ್ತು, ಸಿಟ್ಟೂ ಇತ್ತು.

"ಟ್ರ್ಯಾಕ್ಟರ್ ಸಪ್ಪಳದಾಗ ಕೇಳಲಿಲ್ಲ. ಕಾಲು ಜಾರಿತು," ಎಂದು ಇವರು ಒಳಗೆ ಹೋದರು.

ಗಾಯ ದೊಡ್ಡದಲ್ಲ. ಆದರೆ ಆಮೇಲೆ ಎಂಟು ದಿನ ಹೊಸ್ತಿಲು ದಾಟಲಿಲ್ಲ. ಇಲ್ಲಿಯೂ ಗೋಡೆಯಿಂದ ಗೋಡೆಗೆ ನಡೆಯುವುದು ಶುರುವಾಯಿತು. ಆ ಎರಡು ಕೋಣೆಯಲ್ಲಿ ನಡೆಯಲು ಜಾಗವೂ ಇರಲಿಲ್ಲ. ಮಗಳು ಹೇಳಿದ್ದೇ ಸರಿಯಾಯಿತು, ನಾನೇ ಇವರನ್ನು ಇಲ್ಲಿಗೆ ಎಳೆದು ತಂದು ಕೆಡವಿದೆ ಎಂದು ನನಗೆ ಊಟ ಸೇರಲಿಲ್ಲ.

ಒಂಬತ್ತನೆಯ ದಿನ ಆಪಾ ಬಂದರು. ಕೈಯಲ್ಲಿ ಇವರ ಇನ್ನೊಂದು ಚಪ್ಪಲಿ. ಗಟಾರದಿಂದ ಅಂಗಡಿಯವರು ತೆಗೆದಿಟ್ಟಿದ್ದನ್ನು ತಾವೇ ಸೋಪು ಹಚ್ಚಿ ತೊಳೆದು ಒಣಗಿಸಿದ್ದರು. ಚಹಾ ಕುಡಿಯುತ್ತ ಆಚೀಚೆ ಮಾತಾಡಿ, ಆಮೇಲೆ ಸೀದಾ ಕೇಳಿದರು.

"ಸಿಟ್ಟಾಗಬ್ಯಾಡ್ರಿ ಅಕ್ಕೋರ. ನಿಮ್ಮ ಮನಿಯವ್ರಿಗೆ ನಮ್ಮ ಓಣಿ ಮಂದಿ ಅಂದ್ರ ಅಷ್ಟು ಅಲಕ್ಷ್ಯ ಏನ್ರಿ? ನಮ್ಮನಿಯವ್ರು ದಿನಾ ಸಲಾಂ ಅಂತಾರ. ಅಂಗಡಿಯಾಂವ ನಮಸ್ಕಾರ ಅಂತಾನ. ಒಂದು ದಿನರ ಹೊರಳಿ ನೋಡಿಲ್ಲ. ಭಾಳ ಸೊಕ್ಕಿನ ಮನುಷ್ಯಾ ಅಂತ ಎಲ್ಲಾರೂ ಸುಮ್ಮನಾಗ್ಯಾರ."

ನಾನು ಒಳಕೋಣೆಯ ಕಡೆ ನೋಡಿದೆ. ಅಲ್ಲಿ ನಡಿಗೆಯ ಸದ್ದು ನಿಂತಿತ್ತು. ಹೇಳಬೇಡ ಎಂದು ಅವರು ನನ್ನಿಂದ ಆಣೆ ಹಾಕಿಸಿಕೊಂಡಿರಲಿಲ್ಲ, ಆದರೂ ಮೂರ್ನಾಲ್ಕು ವರ್ಷದಿಂದ ಅದು ಆಣೆಯಂತೆಯೇ ನಡೆದು ಬಂದಿತ್ತು.

"ಸೊಕ್ಕಲ್ಲ ಆಪಾ," ಎಂದೆ. "ಅವ್ರಿಗೆ ಬಾಜೂಕಿಂದು ಕಾಣೂದಿಲ್ಲ. ಎದುರಿಗೆ ಬಂದ್ರಷ್ಟ ಕಾಣ್ತೈತಿ."

ಆಪಾ ಚಹಾದ ಬಸಿ ಕೆಳಗಿಟ್ಟರು. "ಹಾಯ್ ಅಲ್ಲಾ. ಇದನ್ನ ಯಾಕ ಮುಚ್ಚಿಟ್ರಿ? ನಾವು ಏನೇನೋ ಅಂದ್ಕೊಂಡ್ವಲ್ರಿ."

ಉತ್ತರ ಕೊಟ್ಟದ್ದು ನಾನಲ್ಲ. ಇವರು ಬಾಗಿಲಿಗೆ ಬಂದು ಚೌಕಟ್ಟು ಹಿಡಿದು ನಿಂತಿದ್ದರು.

"ಮೂವತ್ತು ವರ್ಷ ಮಂದೀನ ಬಸ್ಸಿನಾಗ ಹೊತ್ತು ತಿರುಗೀನವ್ವಾ. ಈಗ ಕಣ್ಣಿಲ್ಲ ಅಂತ ಹೇಳಿದ್ರ, ಆವಾಗೂ ಕಾಣದಂಗ ಹೊಡೀತಿದ್ನೇನೋ ಅಂತಾರ. ಅದನ್ನ ಕೇಳೂ ಶಕ್ತಿ ನನಗಿಲ್ಲ."

ಇದನ್ನು ಅವರು ನನ್ನ ಹತ್ತಿರವೂ ಎಂದೂ ಹೇಳಿರಲಿಲ್ಲ. ಬರೀ ಮರ್ಯಾದೆಯ ಮಾತು ಎಂದು ನಾನು ತಿಳಿದಿದ್ದೆ. ಡಾಕ್ಟರು ಹೇಳಿದ ವಾರವೇ ಬಸ್ಸು ಬಿಟ್ಟವರು ಎಂದು ನನಗೆ ಗೊತ್ತಿತ್ತು. ಅದಕ್ಕೂ ಹಿಂದಿನ ತಿಂಗಳುಗಳಲ್ಲಿ ತಮಗೆ ಎಷ್ಟು ಕಾಣುತ್ತಿತ್ತು, ಎಷ್ಟು ಕಾಣುತ್ತಿರಲಿಲ್ಲ ಎಂದು ಅವರು ಒಬ್ಬರೇ ಲೆಕ್ಕ ಹಾಕುತ್ತ ಕುಳಿತದ್ದು ನನಗೆ ತಿಳಿದಿರಲಿಲ್ಲ.

ಆಪಾ ಅವರ ಕಡೆ ತಿರುಗಿ ಕೂತರು. "ನನ್ನ ತವರಮನಿ ಯಲಬುರ್ಗಾರಿ. ನೀವು ಆ ದಾರಿಗೆ ಗಾಡಿ ಒಯ್ತಿದ್ದಿರೇನ್ರಿ?"

"ಆರೇಳು ವರ್ಷ ಒಯ್ದೀನಿ."

"ಮತ್ತ ನಾ ನಿಮ್ಮ ಬಸ್ಸಿನಾಗ ಹೋಗಿ ಬಂದಾಕಿನ ಇರಬೇಕು. ಬಸುರಿ ಇದ್ದಾಗೂ ಹೋಗೀನಿ, ಕೂಸು ಎತ್ಕೊಂಡೂ ಬಂದೀನಿ. ಏನಾಗೇತಿ ನನಗ? ಗಟ್ಟಿ ಅದೀನಿ ನೋಡ್ರಿ."

ಮೂವರೂ ನಕ್ಕೆವು. ನಗುತ್ತಲೇ ಇವರ ಕಣ್ಣಲ್ಲಿ ನೀರು ಬಂತು. ಆಪಾ ಎದ್ದು ಹೊರಡುವಾಗ, "ಬಡಿಗಿ ಹಿಡೀರಿ. ಬಡಿಗಿ ಇಲ್ಲದಿದ್ರ ಮಂದಿಗೆ ಹೆಂಗ ತಿಳೀಬೇಕು?" ಎಂದರು. ಡಾಕ್ಟರು ಕೊಡಿಸಿದ್ದ ಮಡಚುವ ಬಿಳಿ ಕೋಲು ಕಪಾಟಿನಲ್ಲಿ ಬಿಚ್ಚದೆ ಬಿದ್ದಿತ್ತು. ಮರುದಿನ ಬೆಳಿಗ್ಗೆ ಅದನ್ನು ತಾವೇ ತೆಗೆದು ಬಿಡಿಸಿ ಹಿಡಿದು ಹೋದರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಅವರ ಕಿವಿ ಕೆಂಪಾಗಿತ್ತು.

ಆಪಾ ಓಣಿಗೆಲ್ಲ ಹೇಳಿದ್ದರೆಂದು ಅಂದೇ ಗೊತ್ತಾಯಿತು. ಪಂಕ್ಚರ್ ಅಂಗಡಿಯವರು, "ನಮಸ್ಕಾರ್ರಿ ಸಾಹೇಬ್ರ, ನಿಮ್ಮ ಎಡಕ್ಕ ನಾನದೀನಿ," ಎಂದರಂತೆ. ಇವರು ನಿಂತು, ಪೂರಾ ಹೊರಳಿ, ಅವರನ್ನು ನೋಡಿ ನಮಸ್ಕಾರ ಮಾಡಿದರಂತೆ. ಅಲ್ಲಿಂದ ಅದೇ ರೂಢಿಯಾಯಿತು. ಎಡಕ್ಕೆ ಎಮ್ಮೆ ಬಂತು, ಬಲಕ್ಕೆ ಬಂಡಿ ನಿಂತಿದೆ ಎಂದು ಕಟ್ಟೆಯ ಮೇಲಿನವರು ಹೇಳುತ್ತಿದ್ದರು. ಕೆಲವು ದಿನ ಅತಿಯಾಗಿ ಹೇಳಿ ಇವರಿಗೆ ಸಿಟ್ಟೂ ಬರುತ್ತಿತ್ತು. ಗಟಾರದ ಚಪ್ಪಡಿಗೆ ನಾನೂ ಆಪಾನೂ ಇನ್ನು ನಾಲ್ಕು ಹೆಣ್ಣುಮಕ್ಕಳೂ ಸೇರಿ ಅರ್ಜಿ ಕೊಟ್ಟೆವು. ಎರಡು ಕಡೆ ಮುಚ್ಚಿದರು. ಮೂರನೆಯದು ಇನ್ನೂ ಹಾಗೇ ಇದೆ. ಅದರ ಮುಂದೆ ಅಂಗಡಿಯವರು ಲಾರಿಯ ಹಳೆ ಟೈರಿಗೆ ಸುಣ್ಣ ಬಳಿದು ಇಟ್ಟಿದ್ದಾರೆ.

ಓಣಿ ಸುರಕ್ಷಿತವೇ ಎಂದು ಮಗಳು ಈಗಲೂ ಕೇಳುತ್ತಾಳೆ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ನಾನು ಬಾಗಿಲ ಮುಂದೆ ಏನೂ ಇಡುವುದಿಲ್ಲ, ಸಂತೆಯ ದಿನ ಸರವನ್ನು ಸೆರಗಿನೊಳಗೆ ಹಾಕಿಕೊಳ್ಳುತ್ತೇನೆ, ಉಳಿದಂತೆ ಛಲೋ ಇದೆ ಎನ್ನುತ್ತೇನೆ. ಅವಳಿಗೆ ಪೂರಾ ಸಮಾಧಾನವಿಲ್ಲ. ನನಗೂ ಪೂರಾ ಇಲ್ಲ, ಆದರೆ ನಿದ್ದೆ ಬರುವಷ್ಟು ಇದೆ.

ಕಳೆದ ಶ್ರಾವಣದಲ್ಲಿ ಒಂದು ದಿನ ಪೇಪರಿಗೆ ಹೋದವರು ಹನ್ನೆರಡಾದರೂ ಬರಲಿಲ್ಲ. ನಾನು ಓಣಿಯುದ್ದಕ್ಕೂ ಕೇಳುತ್ತ ಹೋದೆ. ಆಪಾ, ಕಿರಾಣಿ ಅಂಗಡಿಯವರು, ಹೂವು ಮಾರುವಾಕೆ, ಎಲ್ಲರೂ ಒಂದೇ ಮಾತು ಹೇಳಿದರು, ಎಂದಿನಂತೆ ಬಸ್ ಸ್ಟ್ಯಾಂಡಿನ ಕಡೆ ಹೋದರು ಎಂದು. ಅಲ್ಲಿ ಹೋಗಿ ವಿಚಾರಿಸಿದಾಗ ಪರಿಚಯದ ಕಂಡಕ್ಟರೊಬ್ಬರು, "ಹೇಮಗುಡ್ಡದ ಗಾಡಿ ಹತ್ಯಾರ್ರಿ ಅಕ್ಕೋರ, ನಾನ ಕುಂದರಿಸೀನಿ," ಎಂದರು.

ಎರಡರ ಹೊತ್ತಿಗೆ ಬಂದರು. ಹಣೆಯಲ್ಲಿ ಹೇಮಗುಡ್ಡದ ದುರ್ಗಮ್ಮನ ಕುಂಕುಮ, ಕೈಯಲ್ಲಿ ಒಡೆದ ತೆಂಗಿನಕಾಯಿ. ನಾನು ಬೈಯಲು ಬಾಯಿ ತೆರೆಯುವ ಮೊದಲೇ ಅವರು ಮಾತು ಶುರು ಮಾಡಿದರು.

"ಡ್ರೈವರ್ ಹಿಂದಿನ ಸೀಟಿನಾಗ ಕುಂತಿದ್ದೆ. ಹೊಸಬ ಅದಾನ, ಆದ್ರ ಛಲೋ ಹೊಡೀತಾನ. ತಿರುವಿನಾಗ ಅವಸರ ಮಾಡಲಿಲ್ಲ."

ಕಾಯಿ ನನ್ನ ಕೈಗೆ ಕೊಟ್ಟು ಕಾಲು ತೊಳೆಯಲು ಹೋದರು. ನಾನು ತಾಟು ಹಾಕಿ, ತಣ್ಣಗಾಗಿದ್ದ ಸಾರನ್ನು ಮತ್ತೆ ಒಲೆಯ ಮೇಲಿಟ್ಟೆ.