ಎರಡು ಬಾಗಿಲಿನ ಗಿರವಿ ಅಂಗಡಿ

ಶೆಟ್ಟಿಹಳ್ಳಿಯ ನಮ್ಮ ಮನೆಯ ಗೇಟಿಗೆ ದಿನಾ ಬೆಳಿಗ್ಗೆ ಯಾರೋ ಒಂದಲ್ಲ ಒಂದು ಕರಪತ್ರ ಸಿಕ್ಕಿಸಿ ಹೋಗುತ್ತಾರೆ. ಕಳೆದ ವಾರ ಸಿಕ್ಕಿದ್ದರಲ್ಲಿ ಒಬ್ಬ ಹೆಂಗಸು ಕೊರಳು ತುಂಬ ಚಿನ್ನ ಹೇರಿಕೊಂಡು ಹಲ್ಲು ಬಿಟ್ಟು ನಗುತ್ತಿದ್ದಳು. ಕೆಳಗೆ, 'ನಿಮ್ಮ ಮನೆಯಲ್ಲಿ ಮಲಗಿರುವ ಚಿನ್ನವನ್ನು ಎಬ್ಬಿಸಿ!' ಎಂದು ದಪ್ಪಕ್ಷರದಲ್ಲಿತ್ತು. ಚಿನ್ನದ ಮೇಲೆ ಸಾಲ ಕೊಡುವ ಯಾವುದೋ ಕಂಪನಿಯದು. ನನಗೆ ಅನುಮಾನ ಬಂದದ್ದು ಬಡ್ಡಿಯ ದರದ ಮೇಲಲ್ಲ, ಆ ಹೆಂಗಸಿನ ನಗುವಿನ ಮೇಲೆ. ಒಡವೆ ಅಡವಿಡಲು ಹೊರಟ ಹೆಂಗಸು ಹಾಗೆ ನಗುವುದನ್ನು ನಾನಂತೂ ಕಂಡಿಲ್ಲ. ಅಂಥವರನ್ನು ಬೇಕಾದಷ್ಟು ಕಂಡಿದ್ದೇನೆ ನೋಡಿ, ಅದಕ್ಕೇ ಹೇಳುತ್ತಿದ್ದೇನೆ.

ತೊಂಬತ್ತರ ದಶಕದಲ್ಲಿ ನಾನು ಗುಬ್ಬಿಯಿಂದ ತುಮಕೂರಿಗೆ ಬಿ.ಎಡ್. ಓದಲು ಬಂದಾಗ ಉಳಿದುಕೊಂಡದ್ದು ದೊಡ್ಡಪ್ಪನ ಮನೆಯಲ್ಲಿ. ಮನೆ ಎಂದರೆ, ಪೇಟೆ ಬೀದಿಯಲ್ಲಿದ್ದ ಅವರ ಗಿರವಿ ಅಂಗಡಿಯ ಬೆನ್ನಿಗೆ ಅಂಟಿಕೊಂಡ ಎರಡು ಕೋಣೆ, ಒಂದು ಅಡುಗೆಮನೆ. ಅಂಗಡಿಯ ಬಾಗಿಲು ದೊಡ್ಡ ಬೀದಿಗೆ, ಮನೆಯ ಬಾಗಿಲು ಹಿಂದಿನ ಗಲ್ಲಿಗೆ. ಮುಂದೆ ದೊಡ್ಡಪ್ಪನ ರಾಜ್ಯ, ಹಿಂದೆ ದೊಡ್ಡಮ್ಮನದು. ನಡುವೆ ಒಂದು ಹೂವಿನ ಚಿತ್ರದ ಪರದೆ. ಆ ಪರದೆಯ ಪಕ್ಕದಲ್ಲಿ ಕುಳಿತು ನಾನು ಶೈಕ್ಷಣಿಕ ಮನೋವಿಜ್ಞಾನ ಓದುತ್ತಿದ್ದೆ. ಪುಸ್ತಕದಲ್ಲಿದ್ದ ಮನೋವಿಜ್ಞಾನ ಪರೀಕ್ಷೆಯ ಮರುದಿನವೇ ಮರೆತುಹೋಯಿತು. ಪರದೆಯಾಚೆಗಿನದು ಇನ್ನೂ ನೆನಪಿದೆ.

ದೊಡ್ಡಪ್ಪನಿಗೆ ಮುಖಗಳು ನೆನಪಿರುತ್ತಿರಲಿಲ್ಲ. ಒಡವೆ ನೆನಪಿರುತ್ತಿತ್ತು. ಬೀದಿಯಲ್ಲಿ ಯಾರಾದರೂ ನಮಸ್ಕಾರ ಹೇಳಿದರೆ ಕಕ್ಕಾಬಿಕ್ಕಿಯಾಗಿ ನೋಡುತ್ತಿದ್ದರು. ಆಮೇಲೆ ನನ್ನ ಕಡೆ ವಾಲಿ, 'ಇವರು ಆ ಕೊಂಡಿ ಸವೆದ ಅವಲಕ್ಕಿ ಸರ ಅಲ್ವಾ?' ಎನ್ನುತ್ತಿದ್ದರು. ನಾನು ಮೊದಲ ದಿನ ಚೀಲ ಹಿಡಿದು ಮನೆಗೆ ಬಂದಾಗ ಅವರು ನನ್ನ ಕಿವಿ ನೋಡಿ, 'ಅದು ಚಿನ್ನ ಅಲ್ಲ. ಯಾರು ಕೊಡಿಸಿದ್ದು?' ಎಂದಿದ್ದರು. 'ಚೆನ್ನಾಗಿದ್ದೀಯಾ' ಎಂದು ಕೇಳಿದ್ದು ಆಮೇಲೆ. ಮನಸ್ಸು ಕೆಟ್ಟದ್ದೇನಲ್ಲ, ಕಣ್ಣಿಗೆ ಅಭ್ಯಾಸ ಹಾಗೆ.

ಅವರು ಮದುವೆಗಳಿಗೆ ಹೋಗುತ್ತಿರಲಿಲ್ಲ. ಮದುವೆ ಮನೆಯಲ್ಲಿ ಗಿರವಿ ಅಂಗಡಿಯವರನ್ನು ಕಂಡರೆ ಯಾರಿಗೆ ತಾನೇ ಖುಷಿಯಾಗುತ್ತದೆ? ಬರಿಗೊರಳಿನವರು ಮುಖ ತಿರುಗಿಸುತ್ತಾರೆ, ಕೊರಳು ತುಂಬಿದವರು ಸೆರಗು ಹೊದೆಯುತ್ತಾರೆ. ಮುಯ್ಯಿಯ ಕವರನ್ನು ದೊಡ್ಡಮ್ಮನ ಕೈಲಿ ಕಳಿಸಿ ತಾವು ಅಂಗಡಿಯಲ್ಲೇ ಉಳಿದುಬಿಡುತ್ತಿದ್ದರು. ಆದರೆ ಪಕ್ಕದ ಅಂಗಡಿಯ ಟೈಲರ್ ಶಿವಣ್ಣ ತನ್ನ ಮಗಳ ಮದುವೆಗೆ, 'ನೀವು ಬರದಿದ್ರೆ ನಾನು ಧಾರೆ ಎರೆಯೋದೇ ಇಲ್ಲ' ಎಂದು ಹಟ ಹಿಡಿದುಬಿಟ್ಟ. ಮದುವೆ ಕುಣಿಗಲ್ಲಿನಲ್ಲಿ, ಕೆರೆಯ ಕಡೆಗಿದ್ದ ಒಂದು ಛತ್ರದಲ್ಲಿ. ಬೀದಿಗೆ ಬೀದಿಯೇ ಒಂದು ಬಸ್ಸು ಮಾಡಿಕೊಂಡು ಹೊರಟಿತು. ಗಂಡಸರು ಮುಂದೆ, ಹೆಂಗಸರು ಹಿಂದೆ. ದೊಡ್ಡಪ್ಪ ಡ್ರೈವರನ ಪಕ್ಕದಲ್ಲಿ ಕುಳಿತು ದಾರಿಯುದ್ದಕ್ಕೂ ರಸ್ತೆಯನ್ನೇ ನೋಡುತ್ತಿದ್ದುದರಿಂದ ಹಿಂದಿನ ಸೀಟುಗಳಲ್ಲಿ ಏನಿದೆ ಎಂಬುದು ಅವರಿಗೆ ಗೊತ್ತಾಗಲಿಲ್ಲ.

ಗೊತ್ತಾದದ್ದು ಛತ್ರದಲ್ಲಿ. ನಾನು ಅವರ ಪಕ್ಕದ ಕುರ್ಚಿಯಲ್ಲಿದ್ದೆ. ಅವರು ಇದ್ದಕ್ಕಿದ್ದಂತೆ ನನ್ನ ಮೊಣಕೈ ಹಿಡಿದುಕೊಂಡರು.

'ಆ ಜುಮುಕಿ ನೋಡು.'

ನೋಡಿದೆ. ನಮ್ಮ ಬೀದಿಯ ಕೊನೆಯಲ್ಲಿ ಸೈಕಲ್ ಶಾಪ್ ಇಟ್ಟಿದ್ದ ಸತ್ತಾರ್ ಸಾಬರ ಹೆಂಡತಿ ಮೆಹರುನ್ನಿಸಾ ಮದುಮಗಳ ಅಕ್ಕನ ಜೊತೆ ನಗುತ್ತಾ ಮಾತಾಡುತ್ತಿದ್ದರು. ತಲೆಯ ಮೇಲಿನ ಸೆರಗಿನಂಚಿನಲ್ಲಿ ಜುಮುಕಿ ತೂಗುತ್ತಿತ್ತು.

'ಕೆಂಪು ಹರಳು ಒಂದು ಬಿದ್ದು ಅಲ್ಲಿ ನೀಲಿ ಮಣಿ ಕೂರಿಸವ್ರೆ. ಅದು ನಮ್ಮ ತಿಜೋರೀಲಿ ಇರೋ ಜುಮುಕಿ.'

'ಅಂಥದ್ದೇ ಇನ್ನೊಂದು ಇರಬಹುದು ದೊಡ್ಡಪ್ಪ.'

'ನೀಲಿ ಮಣೀನೂನಾ?'

ಅಷ್ಟರಲ್ಲಿ ಎದುರಿಗೆ ಒಂದು ಅವಲಕ್ಕಿ ಸರ ಹಾದುಹೋಯಿತು. ಅದರ ಹಿಂದೆ ಒಂದು ಜೊತೆ ಕಡಗ, ಆಮೇಲೊಂದು ಹವಳದ ಸರ. ದೊಡ್ಡಪ್ಪನ ಹಣೆಯಲ್ಲಿ ಬೆವರು ಮೂಡಿತು. 'ನಮ್ಮ ತಿಜೋರಿಗೆ ಕಾಲು ಬಂದು ಇಲ್ಲೇ ಓಡಾಡ್ತಾ ಐತೆ ಕಣಮ್ಮ' ಎಂದು ಪಿಸುಗುಟ್ಟಿದರು. ಕಳ್ಳತನವಾಗಿದೆ, ಬೀದಿಯ ಹೆಂಗಸರೆಲ್ಲ ಸೇರಿ ಮಾಡಿದ್ದಾರೆ, ಪೊಲೀಸರಿಗೆ ಹೇಳಬೇಕು ಎಂದು ಎದ್ದೇಬಿಟ್ಟರು. ನಾನು ಓಡಿಹೋಗಿ ದೊಡ್ಡಮ್ಮನನ್ನು ಕರೆತಂದೆ.

ಕೈ ತೊಳೆಯುವ ನಲ್ಲಿಗಳ ಹತ್ತಿರ ಗಂಡ ಹೆಂಡತಿ ನಿಂತರು. ದೊಡ್ಡಮ್ಮ ಒಂದು ಎಳೆಯ ಮಾಂಗಲ್ಯ ಬಿಟ್ಟು ಮೈಮೇಲೆ ಏನೂ ಹಾಕಿರಲಿಲ್ಲ. ಗಂಡ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, 'ಕಳ್ಳತನ ಅಲ್ಲ, ನಾನೇ ಕೊಟ್ಟಿದ್ದು' ಎಂದರು.

'ನೀನಾ?'

'ಅವರವರ ಒಡವೆ ಅವರವರ ಮೈಮೇಲೆ ಐತೆ. ನೀವ್ಯಾಕೆ ಬೆವರ್ತೀರಿ?'

'ವಾಪಸ್ ಕೊಡದೇ ಇದ್ರೆ?'

'ಇಲ್ಲೀವರ್ಗೂ ಯಾರೂ ಹಂಗೆ ಮಾಡಿಲ್ಲ.'

ದೊಡ್ಡಪ್ಪ ಆ ಮಾತಿನಲ್ಲಿ ಒಂದೇ ಪದವನ್ನು ಹಿಡಿದುಕೊಂಡರು. 'ಇಲ್ಲೀವರ್ಗೂ ಅಂದ್ರೆ? ಯಾವಾಗಿಂದ ನಡೀತಾ ಐತೆ ಇದು?'

ದೊಡ್ಡಮ್ಮ ನಲ್ಲಿ ತಿರುಗಿಸಿ, ತೊಳೆದಿದ್ದ ಕೈಯನ್ನೇ ಇನ್ನೊಮ್ಮೆ ತೊಳೆದರು.

ತಿಜೋರಿಗೆ ಎರಡು ಕೀಲಿ ಇದ್ದವು. ಒಂದು ದೊಡ್ಡಪ್ಪನ ಉಡಿದಾರದಲ್ಲಿ, ಇನ್ನೊಂದು ದೇವರ ಮನೆಯ ಲಕ್ಷ್ಮಿ ಫೋಟೋದ ಹಿಂದೆ. ಲಕ್ಷ್ಮಿಯ ಮೇಲೆ ಅವರಿಗೆ ಪೂರ್ತಿ ಭರವಸೆ ಇತ್ತು. ದೇವರ ಮನೆ ಗುಡಿಸಿ ಒರೆಸುವವರು ಯಾರು ಎಂಬುದನ್ನು ಮಾತ್ರ ಯೋಚಿಸಿರಲಿಲ್ಲ. ಮದುವೆ, ಸೀಮಂತ, ರಂಜಾನು ಬಂದರೆ ಹೆಂಗಸರು ಹಿಂದಿನ ಗಲ್ಲಿಗೆ ಬರುತ್ತಿದ್ದರು. ದೊಡ್ಡಪ್ಪ ಮಧ್ಯಾಹ್ನ ಉಂಡು ಮಲಗಿದಾಗ ದೊಡ್ಡಮ್ಮ ತಿಜೋರಿ ತೆಗೆದು ಅವರವರದನ್ನು ಅವರವರಿಗೆ ಒಂದು ದಿನದ ಮಟ್ಟಿಗೆ ಕೊಡುತ್ತಿದ್ದರು. ಇದಕ್ಕೆ ಬಡ್ಡಿ ಇಲ್ಲ, ರಸೀದಿ ಇಲ್ಲ. ಯಾರಾದರೂ ಒಂದು ಬೊಗಸೆ ಹೂವೋ ನಾಲ್ಕು ನುಗ್ಗೆಕಾಯೋ ತಂದುಕೊಟ್ಟರೆ ಬೇಡವೆನ್ನುತ್ತಿರಲಿಲ್ಲ. ಆ ಮನೆಯಲ್ಲಿ ಅಷ್ಟೊಂದು ನುಗ್ಗೆಕಾಯಿ ಸಾರು ಯಾಕೆ ಆಗುತ್ತಿತ್ತೆಂದು ನನಗೂ ಅವತ್ತೇ ಅರ್ಥವಾದದ್ದು.

ದೊಡ್ಡಪ್ಪ ಕೂಗಾಡುವಂತಿರಲಿಲ್ಲ. ಯಾರ ಒಡವೆ ತಮ್ಮಲ್ಲಿದೆ ಎಂದು ಹೊರಗೆ ಬಾಯಿಬಿಟ್ಟರೆ ಮರುದಿನದಿಂದ ಅಂಗಡಿಗೆ ನೊಣವೂ ಬರುವುದಿಲ್ಲ. ಹೋಳಿಗೆ ಮುಟ್ಟದೆ ಎದ್ದುಹೋಗಿ ಛತ್ರದ ಬಾಗಿಲಲ್ಲಿ ನಿಂತುಕೊಂಡರು. ಹೋಗುವವರಿಗೆಲ್ಲ ಕೈ ಮುಗಿದು, ಕಿವಿ ಕೊರಳು ದಿಟ್ಟಿಸಿ, 'ಹುಷಾರಾಗಿ ಹೋಗ್ಬನ್ನಿ' ಎನ್ನುತ್ತಿದ್ದರು. ಗಂಡಿನ ಕಡೆಯವರಂತೂ ಅವರನ್ನೇ ಹೆಣ್ಣಿನ ತಂದೆ ಎಂದುಕೊಂಡು ತೆಂಗಿನಕಾಯಿ ಕೇಳಿ ಇಸಕೊಂಡರು. ಸೌಕಾರ್ರು ಇಷ್ಟು ಮರ್ಯಾದಸ್ಥರು ಅಂತ ಗೊತ್ತೇ ಇರಲಿಲ್ಲ ಎಂದು ಬಸ್ಸಿನಲ್ಲಿ ಎಲ್ಲರೂ ಹೊಗಳಿದ್ದೇ ಹೊಗಳಿದ್ದು.

ಸಂಜೆ ತುಮಕೂರಿಗೆ ಬಂದ ಮೇಲೆ ಅವರು ಅಂಗಡಿಗೆ ಹೋಗದೆ ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಕುಳಿತರು. ಹಿಂಬಾಗಿಲಿಗೆ ಬಂದ ಹೆಂಗಸರು ಒಳಗಿದ್ದ ಗಂಡಸನ್ನು ನೋಡಿ ಬೆಚ್ಚಿ, ಕರವಸ್ತ್ರದ ಗಂಟನ್ನು ದೊಡ್ಡಮ್ಮನ ಕೈಗೆ ತುರುಕಿ ಹೋದರು. ಸರ ಬಂತು, ಕಡಗ ಬಂತು, ಹವಳ ಬಂತು. ಜುಮುಕಿ ಬರಲಿಲ್ಲ.

'ನಾನ್ ಹೇಳ್ಲಿಲ್ವಾ?' ಎಂದರು ದೊಡ್ಡಪ್ಪ. ದುಃಖದ ನಡುವೆಯೂ ಅವರ ದನಿಯಲ್ಲಿ ಒಂದು ಬಗೆಯ ಸಮಾಧಾನವಿತ್ತು. ತಾವೇ ಹೋಗಿ ಕೇಳಿ ಬರುತ್ತೇನೆಂದು ಚಪ್ಪಲಿ ಮೆಟ್ಟಿದರು. ದೊಡ್ಡಮ್ಮ ಬಾಗಿಲಿಗೆ ಅಡ್ಡ ನಿಂತರು.

'ಅವಳು ತಂಗಿ ಬಾಣಂತನಕ್ಕೆ ಅಂತ ಗಂಡನಿಗೆ ಹೇಳ್ದೆ ಇಟ್ಟಿರೋದು. ನೀವು ಮನೆಗೆ ಹೋಗಿ ಕೇಳಿದ್ರೆ ಅವಳ ಸಂಸಾರದ ಗತಿ ಏನಾಗ್ಬೇಕು? ನಾಳೆ ತರ್ತಾಳೆ ಬಿಡಿ.'

ಮರುದಿನ ಜುಮುಕಿ ಬಂತು. ಆದರೆ ಮುಂಬಾಗಿಲಿಂದ ಬಂತು.

ಅಂಗಡಿ ತೆಗೆಯುವುದನ್ನೇ ಕಾಯುತ್ತಿದ್ದವರಂತೆ ಸತ್ತಾರ್ ಸಾಬರು ಒಳಗೆ ಬಂದು, ಸುತ್ತಮುತ್ತ ನೋಡಿ, ಜೇಬಿನಿಂದ ಕಾಗದದ ಪೊಟ್ಟಣ ತೆಗೆದರು. ದೊಡ್ಡಮ್ಮ ಮತ್ತು ನಾನು ಪರದೆಯ ಹಿಂದೆ ಉಸಿರು ಹಿಡಿದು ನಿಂತೆವು.

'ಸೌಕಾರ್ರೆ, ಶಾಪ್ ಅಡ್ವಾನ್ಸ್ ಜಾಸ್ತಿ ಕೇಳ್ತಾವ್ರೆ ಓನರ್ರು. ಇದನ್ನ ಇಟ್ಕೊಳಿ. ಮನೆಯವಳಿಗೆ ಗೊತ್ತಾಗಬಾರದು. ನಿನ್ನೆ ಮದುವೆಗೆ ಹಾಕ್ಕೊಂಡು ಟ್ರಂಕಲ್ಲಿ ಇಟ್ಟವ್ಳೆ, ಇನ್ನೊಂದು ಮದುವೆ ಬರೋವರ್ಗೂ ಆ ಕಡೆ ನೋಡಲ್ಲ.'

ಪೊಟ್ಟಣದಲ್ಲಿ ನೀಲಿ ಮಣಿ ಹೊಳೆಯುತ್ತಿತ್ತು.

ನೀವೇ ಹೇಳಿ, ಏನು ಮಾಡುವುದು? ಇದು ಆಗಲೇ ನನ್ನಲ್ಲಿ ಗಿರವಿ ಇರುವ ಒಡವೆ ಎಂದರೆ ಹೆಂಡತಿಯ ಗುಟ್ಟು ಒಡೆಯುತ್ತದೆ. ಬೇಡವೆಂದರೆ ಜುಮುಕಿ ಮುಂದಿನ ಬೀದಿಯ ಅಂಗಡಿಗೆ ಹೋಗಿ ಇವರ ದುಡ್ಡು ನೀರಲ್ಲಿ ಹೋಮವಾಗುತ್ತದೆ. ತಗೊಂಡರೆ ತನ್ನದೇ ತಿಜೋರಿಯ ಮಾಲಿಗೆ ಎರಡನೇ ಸಲ ದುಡ್ಡು ಕೊಟ್ಟ ಗಿರವಿದಾರ ಇಡೀ ಜಿಲ್ಲೆಯಲ್ಲಿ ಇವರೊಬ್ಬರೇ ಆಗುತ್ತಾರೆ. ದೊಡ್ಡಪ್ಪ ಬಹಳ ಹೊತ್ತು ಜುಮುಕಿಯನ್ನೇ ನೋಡಿದರು. ಆಮೇಲೆ ಗಲ್ಲಾಪೆಟ್ಟಿಗೆ ತೆರೆದರು.

'ಒರೆಗೆ ಹಚ್ಚಿ ನೋಡಲ್ವಾ?' ಸತ್ತಾರ್ ಸಾಬರು ಆಶ್ಚರ್ಯದಿಂದ ಕೇಳಿದರು.

'ಬೇಡ. ನಿಮ್ಮ ಮೇಲೆ ನಂಬಿಕೆ ಐತೆ' ಎಂದರು ದೊಡ್ಡಪ್ಪ, ಹಲ್ಲು ಕಚ್ಚಿಕೊಂಡು.

ಸತ್ತಾರ್ ಸಾಬರ ಕಣ್ಣಲ್ಲಿ ನೀರು ಬಂತು. ಏನನ್ನು ಅಡವಿಟ್ಟೆ ಎಂದು ಹೇಳದೆ, ಸೌಕಾರ್ರು ತನ್ನನ್ನು ಎಷ್ಟು ನಂಬುತ್ತಾರೆ ಎಂಬುದನ್ನಷ್ಟೇ ಪೇಟೆಯಲ್ಲೆಲ್ಲ ಹೇಳಿಕೊಂಡು ಬಂದರಂತೆ.

ಮಧ್ಯಾಹ್ನ ಮೆಹರುನ್ನಿಸಾ ಹಿಂಬಾಗಿಲಿಗೆ ಬಂದು ಹೊಸಿಲ ಮೇಲೆ ಕುಸಿದು ಕುಳಿತರು. 'ಅಕ್ಕಾ, ನಿನ್ನೆ ಮಗೂಗೆ ಜ್ವರ, ಬರೋಕ್ಕಾಗ್ಲಿಲ್ಲ. ಟ್ರಂಕಲ್ಲಿ ಇಟ್ಟಿದ್ದೆ, ಇವತ್ತು ನೋಡಿದ್ರೆ ಇಲ್ಲ. ಯಾರನ್ನ ಕೇಳ್ಲಿ? ಹೆಂಗ್ ತೀರಿಸ್ಲಿ?' ಅಳು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಗಂಡನೇ ತಂದಿಟ್ಟರು ಎಂದು ದೊಡ್ಡಮ್ಮ ಹೇಳುವಂತಿರಲಿಲ್ಲ, ಅವರ ಗುಟ್ಟು ಹೋಗುತ್ತದೆ.

ಆಗ ಪರದೆ ಸರಿಸಿಕೊಂಡು ದೊಡ್ಡಪ್ಪ ಬಂದರು. ಹಿಂಬಾಗಿಲಿಗೆ ಬಂದವರ ಜೊತೆ ಅವರು ಅದುವರೆಗೆ ಮಾತಾಡಿದ್ದಿಲ್ಲ. 'ಅಳಬೇಡಮ್ಮ. ಜುಮುಕಿ ನಮ್ಮ ಹತ್ರಾನೇ ಐತೆ. ಬಸ್ಸಲ್ಲಿ ಬಿದ್ದಿತ್ತು, ನಮ್ಮ ಹುಡುಗಿಗೆ ಸಿಕ್ತು' ಎಂದು ನನ್ನ ಕಡೆ ಬೆರಳು ತೋರಿಸಿದರು.

'ಟ್ರಂಕಲ್ಲಿ ಇಟ್ಟಂಗೆ ಇತ್ತಲ್ಲಾ' ಎಂದು ಮೆಹರುನ್ನಿಸಾ ಒಂದು ಕ್ಷಣ ಯೋಚಿಸಿದರು. ಆಮೇಲೆ, 'ಜ್ವರದ ಗಾಬರೀಲಿ ತಲೆ ನೆಟ್ಟಗಿರ್ಲಿಲ್ಲ' ಎನ್ನುತ್ತಾ ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಅಲ್ಲಿಂದ ಮುಂದೆ ನಾನು ಆ ಬೀದಿಯ ಅತ್ಯಂತ ಪ್ರಾಮಾಣಿಕ ಹುಡುಗಿ. ಏನೂ ಮಾಡದೆ ಬಂದ ಈ ಕೀರ್ತಿ, ಆಮೇಲೆ ನಿಜವಾಗಿ ದುಡಿದು ಸಂಪಾದಿಸಿದ ಯಾವುದಕ್ಕೂ ಬರಲಿಲ್ಲ. ರಂಜಾನ್ ಹಬ್ಬಕ್ಕೆ ನನ್ನ ಹೆಸರಿನಲ್ಲೇ ಒಂದು ಡಬ್ಬಿ ಶ್ಯಾವಿಗೆಯ ಸುರ್‌ಕುಂಬ ಬಂತು.

ಆಮೇಲಿನ ತಿಂಗಳುಗಳಲ್ಲಿ ಗಂಡ ಮುಂಬಾಗಿಲಿಗೆ ಬಂದು ಬಡ್ಡಿ ಕಟ್ಟಿದರು, ಹೆಂಡತಿ ಹಿಂಬಾಗಿಲಿಗೆ ಬಂದು ಬಡ್ಡಿ ಕಟ್ಟಿದರು. ಬಡ್ಡಿ ತಮ್ಮ ಧರ್ಮಕ್ಕೆ ಆಗದ್ದೆಂದು ಸತ್ತಾರ್ ಸಾಬರು ಆ ಪದವನ್ನು ಬಾಯಲ್ಲಿ ಆಡುತ್ತಿರಲಿಲ್ಲ, 'ಮೇಲಿಂದು' ಎನ್ನುತ್ತಿದ್ದರು. ಅವರ ಮನಸ್ಸು ನೋಯಬಾರದೆಂದು ದೊಡ್ಡಪ್ಪನೂ ಹಾಗೇ ಅನ್ನುತ್ತಿದ್ದರು, ಆದರೆ ತಪ್ಪದೆ ತಗೊಳ್ಳುತ್ತಿದ್ದರು. 'ಒಂದು ಜುಮುಕಿಗೆ ಎರಡು ಕಡೆಯಿಂದ ತಿಂತೀರಲ್ರೀ' ಎಂದು ದೊಡ್ಡಮ್ಮ ಚುಚ್ಚಿದರೆ, 'ಎರಡು ಕಡೆ ಕೊಟ್ಟಿಲ್ವಾ ನಾನು?' ಎನ್ನುತ್ತಿದ್ದರು. ಲೆಕ್ಕ ಸರಿಯಾಗೇ ಇತ್ತು. ಆದರೂ ಅಂಥ ದಿನ ಅವರಿಗೆ ಊಟ ಸೇರುತ್ತಿರಲಿಲ್ಲ.

ಸೈಕಲ್ ಶಾಪ್ ಚೇತರಿಸಿಕೊಂಡಿತು. ಸತ್ತಾರ್ ಸಾಬರು ಒಂದು ದಿನ ರಸೀದಿ ತಂದು, ಅಸಲು ಕಟ್ಟಿ, ಜುಮುಕಿ ಬಿಡಿಸಿಕೊಂಡು ಹೋದರು. ಕೊಡದೆ ವಿಧಿಯಿರಲಿಲ್ಲ. ಅವರು ಅದನ್ನು ಗುಟ್ಟಾಗಿ ಟ್ರಂಕಿನಲ್ಲಿ ಇಡುತ್ತಾರೆ, ಅದು ಅಂಗಡಿಯಲ್ಲಿದೆ ಎಂದುಕೊಂಡಿರುವ ಹೆಂಡತಿ ಒಂದಲ್ಲ ಒಂದು ದಿನ ಟ್ರಂಕು ತೆಗೆಯುತ್ತಾರೆ. ನಾವು ಮೂವರೂ ಸಿಡಿಲು ಕಾಯುವವರಂತೆ ಕಾದೆವು.

ವಾರ ಕಳೆಯುವುದರೊಳಗೆ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಬಂದರು. ಮುಂಬಾಗಿಲಿನಿಂದಲೇ. ಬೆಂಚಿನ ಮೇಲೆ ನಡುವೆ ಜಾಗ ಬಿಟ್ಟು ಕುಳಿತರು. ಇಬ್ಬರೂ ಮಾಡಿದ್ದು ಒಂದೇ ಕೆಲಸವಾದ್ದರಿಂದ ಯಾರೂ ಯಾರನ್ನೂ ಬೈಯುವಂತಿರಲಿಲ್ಲ. ಸಿಟ್ಟು ತೀರಿಸಿಕೊಳ್ಳಲು ಉಳಿದಿದ್ದವರು ದೊಡ್ಡಪ್ಪ ಒಬ್ಬರೇ.

'ನನಗೊಂದು ಮಾತು ಹೇಳಬಹುದಿತ್ತಲ್ಲ ಸೌಕಾರ್ರೆ' ಎಂದರು ಸತ್ತಾರ್ ಸಾಬರು.

'ಯಾರ ಮಾತು ಯಾರಿಗೆ ಹೇಳ್ಲಿ ಭಾಯ್? ನೀವೂ ಹೇಳಬೇಡಿ ಅಂದ್ರಿ. ಅವರೂ ಹೇಳಬೇಡಿ ಅಂದ್ರು.'

ಮೆಹರುನ್ನಿಸಾ ಗಂಡನ ಮುಖ ನೋಡಿದರು. 'ಅಡ್ವಾನ್ಸ್‌ಗೆ ಬೇಕು ಅಂದಿದ್ರೆ ನಾನೇ ಬಿಚ್ಚಿ ಕೊಡ್ತಿರ್ಲಿಲ್ವಾ?'

'ತಂಗಿಗೆ ಅಂದಿದ್ರೆ ನಾನ್ ಬೇಡ ಅಂತಿದ್ನಾ?'

ಆಮೇಲೆ ಮೆಹರುನ್ನಿಸಾ ಕಿವಿಯಿಂದ ಜುಮುಕಿ ಬಿಚ್ಚಿ ದೊಡ್ಡಪ್ಪನ ಮುಂದೆ ಇಟ್ಟರು. ಅವರ ಸಾಲ ಇನ್ನೂ ಹಾಗೇ ಇತ್ತಲ್ಲ. ದೊಡ್ಡಪ್ಪ ಹಾವು ಕಂಡವರಂತೆ ಹಿಂದೆ ಸರಿದರು.

'ಹಾಕ್ಕೊಂಡು ಹೋಗಮ್ಮ. ನಿನ್ನ ದುಡ್ಡು ನಿಧಾನಕ್ಕೆ ಕೊಡು. ಇದು ಇನ್ನೊಂದ್ಸಲ ಒಳಗೆ ಬಂದ್ರೆ ನನಗೆ ಹುಚ್ಚು ಹಿಡಿಯುತ್ತೆ.'

ಒತ್ತೆ ಇಲ್ಲದೆ ದೊಡ್ಡಪ್ಪ ಸಾಲ ಇರಗೊಟ್ಟದ್ದು ಅದೊಂದೇ ಸಲ. ದೊಡ್ಡ ಮನಸ್ಸು ಎಂದು ನಾನು ಹೊಗಳಿದರೆ, 'ಮನಸ್ಸೂ ಇಲ್ಲ ಮಣ್ಣೂ ಇಲ್ಲ. ತಲೆನೋವು ತಪ್ಲಿ ಅಂತ' ಎಂದು ಗದರಿದರು. ಮೆಹರುನ್ನಿಸಾ ಪೂರ್ತಿ ತೀರಿಸಿದರು. ನನಗೆ ಬಂದಿದ್ದ ಪ್ರಾಮಾಣಿಕತೆಯ ಬಿರುದು ಹೋಯಿತು. ಸುರ್‌ಕುಂಬ ಮಾತ್ರ ಯಾಕೋ ನಿಲ್ಲಲಿಲ್ಲ.

ಎರಡು ಸಾವಿರದ ನಂತರ ಪೇಟೆಗೆ ಏಸಿ ಹಾಕಿದ ಚಿನ್ನದ ಸಾಲದ ಆಫೀಸುಗಳು ಬಂದವು, ಗಿರಾಕಿಗಳು ಅತ್ತ ಹೋದರು. ಅಂಗಡಿ ಮುಚ್ಚಿ ಕೆಲವೇ ವರ್ಷಕ್ಕೆ ದೊಡ್ಡಪ್ಪನೂ ಹೋದರು. ಕೊನೆಯ ದಿನಗಳಲ್ಲಿ ಪರವೂರಿನ ಕೆಲಸದಿಂದ ಬಂದಿದ್ದ ತಮ್ಮ ಮಗನ ಗುರುತು ಸಿಗದಿದ್ದರೂ ನರ್ಸಿನ ಮೂಗುತಿ ನೋಡಿ, 'ಹರಳು ಸಡಿಲ ಆಗೈತೆ, ಬಿಗಿ ಮಾಡಿಸ್ಕೊ' ಎಂದಿದ್ದರು.

ಮೊನ್ನೆ ಭಾನುವಾರ ದೊಡ್ಡಮ್ಮನನ್ನು ಕರೆದುಕೊಂಡು ಗುಬ್ಬಿಗೆ ಹೋಗಿದ್ದೆ. ಮೆಹರುನ್ನಿಸಾ ಈಗ ಅಲ್ಲೇ ಮಗನ ಜೊತೆ ಇದ್ದಾರೆ. ಮಗನದು ಬೈಕ್ ಗ್ಯಾರೇಜು. ಸತ್ತಾರ್ ಸಾಬರು ಕಿವಿ ಮಂದವಾಗಿ, ಎಲ್ಲದಕ್ಕೂ ನಗುತ್ತಾ ಬಾಗಿಲ ಬಳಿ ಕುಳಿತಿದ್ದರು. ದೊಡ್ಡಮ್ಮ ಒಳಗೆ ಹೋದವರೇ ಮೆಹರುನ್ನಿಸಾರ ಕಿವಿ ನೋಡಿದರು. ಕಡ್ಡಿಯಂಥ ಎರಡು ಸಣ್ಣ ಓಲೆಗಳಿದ್ದವು. ನನಗೆ ದೊಡ್ಡಪ್ಪನೇ ನೋಡಿದ ಹಾಗಾಯಿತು.

'ಜುಮುಕಿ ಎಲ್ಲೇ?'

'ಮಾರಿಬಿಟ್ವಿ ಅಕ್ಕಾ. ಗ್ಯಾರೇಜ್ ಹಾಕೋವಾಗ. ಈ ಸಲ ಇಬ್ಬರೂ ಕೂತು ಮಾತಾಡಿಕೊಂಡೇ ಮಾರಿದ್ದು.' ಮೆಹರುನ್ನಿಸಾ ನಕ್ಕರು. 'ಸೌಕಾರ್ರು ಇದ್ದಿದ್ರೆ ಇನ್ನೊಂಚೂರು ಜಾಸ್ತಿ ಬೆಲೆ ಕಟ್ಟಿರೋರು.'

'ಎಲ್ಲಿ ಮಾರೋಕೆ ಬುಡ್ತಿದ್ರು?' ಎಂದರು ದೊಡ್ಡಮ್ಮ. 'ಬಯ್ಕೊಂಡು ಬಯ್ಕೊಂಡು ಮೂರನೇ ಸಲ ಗಿರವಿ ಇಟ್ಕೊಂಡಿರೋರು.'

ಇಬ್ಬರೂ ಬಿದ್ದು ಬಿದ್ದು ನಕ್ಕರು. ಯಾಕೆಂದು ತಿಳಿಯದಿದ್ದರೂ ಸತ್ತಾರ್ ಸಾಬರೂ ನಕ್ಕರು. ದೊಡ್ಡಪ್ಪನ ಸಾವಿಗೆ ನಾನು ಅತ್ತಿರಲಿಲ್ಲ. ತೊಂದರೆಯಿಲ್ಲದೆ ವಯಸ್ಸಾಗಿ ಹೋದರು ಎಂದು ಬಂದವರಿಗೆಲ್ಲ ಹೇಳಿ ಕಾಫಿ ಕೊಟ್ಟಿದ್ದೆ. ಅವತ್ತು ಆ ಮನೆಯಲ್ಲಿ, ಎಲ್ಲರೂ ನಗುತ್ತಿರುವಾಗ, ನನಗೆ ಅಳು ಬಂತು. ಮೆಹರುನ್ನಿಸಾ ಏನೂ ಕೇಳದೆ ನನ್ನ ಮುಂದಿನ ತಟ್ಟೆಗೆ ಇನ್ನೆರಡು ಬಿಸ್ಕತ್ತು ಹಾಕಿದರು.