ಕೊರಿಯಾದಲ್ಲಿ ಕಾಲು ತೊಳೆಯುವುದು

ತಿಂಗಳ ಎರಡನೇ ಶನಿವಾರ ಬೆಳಿಗ್ಗೆ ಹತ್ತೂವರೆಗೆ, ನೈರೋಬಿಯ ರಿವರ್‌ಸೈಡ್‌ನಲ್ಲಿ ಬಾಡಿಗೆಗೆ ಹಿಡಿದ ಒಂದು ಸಣ್ಣ ಹಾಲ್‌ನಲ್ಲಿ, ಅನಂತರಾಮ ಕೊರಿಯಾ ದೇಶವನ್ನು ಜನರಿಗೆ ಪರಿಚಯ ಮಾಡಿಕೊಡುತ್ತಾನೆ. ನಡುವೆ ಕೊರೊನಾದ ಎರಡು ವರ್ಷ ಬಿಟ್ಟರೆ, ಎಂಟು ವರ್ಷದಿಂದ ಮಾಡಿಕೊಡುತ್ತಿದ್ದಾನೆ. ಅವನು ಕೊರಿಯಾಕ್ಕೆ ಹೋಗಿಲ್ಲ. ಇದು ಗುಟ್ಟೇನಲ್ಲ; ಯಾರೂ ಕೇಳಿಲ್ಲ, ಅಷ್ಟೆ. ಬೋಳುತಲೆ, ಕನ್ನಡಕ, ಇಸ್ತ್ರಿ ಮಾಡಿದ ಅರ್ಧ ತೋಳಿನ ಶರ್ಟು, ಇಷ್ಟಿರುವ ಐವತ್ತಾರರ ಗಂಡಸೊಬ್ಬ ಭೂಪಟದ ಮುಂದೆ ಕೋಲು ಹಿಡಿದು ನಿಂತರೆ, ಹೋಗಿ ಬಂದವನೇ ಇರಬೇಕು ಎಂದು ಜನ ತಾವಾಗಿಯೇ ತೀರ್ಮಾನಿಸುತ್ತಾರೆ. ಸೋಲ್ ನಗರದ ಮೆಟ್ರೋದಲ್ಲಿ ಎಲ್ಲಿ ಇಳಿದು ಎಲ್ಲಿ ಹತ್ತಬೇಕೆಂದು ಅವನು ಕಣ್ಣು ಮುಚ್ಚಿಕೊಂಡು ಹೇಳಬಲ್ಲ. ವೆಸ್ಟ್‌ಲ್ಯಾಂಡ್ಸ್‌ನ ಮಾಲ್‌ನಲ್ಲಿ ತನ್ನ ಕಾರು ಯಾವ ಅಂತಸ್ತಿನಲ್ಲಿದೆ ಎಂಬುದನ್ನು ಮಾತ್ರ ಕಾವಲುಗಾರರೇ ಹುಡುಕಿಕೊಡಬೇಕು.

ಮೈಸೂರಿನಿಂದ ಟೆಲಿಕಾಂ ಕಂಪನಿಯ ಕೆಲಸಕ್ಕೆಂದು ನೈರೋಬಿಗೆ ಬಂದವನು ಅವನು. ಕಂಪನಿ ಗಂಟುಮೂಟೆ ಕಟ್ಟಿತು, ಅನಂತರಾಮ ಕಟ್ಟಲಿಲ್ಲ. ಮಗಳು ನಿಹಾರಿಕಾಳ ಶಾಲೆ ಇಲ್ಲಿತ್ತು, ಹೆಂಡತಿ ಮೃಣಾಲಿನಿಗೆ ಇಲ್ಲಿನ ಹವೆ ಒಗ್ಗಿತ್ತು. ನ್ಗಾರಾದಲ್ಲಿ ಹಾರ್ಡ್‌ವೇರ್ ಅಂಗಡಿಯೊಂದರ ಮೇಲಿದ್ದ ತುಷಾರ್ ಭಾಯ್‌ನ ಟ್ರಾವೆಲ್ ಏಜೆನ್ಸಿಗೆ ಸೇರಿಕೊಂಡ. ಒಂದು ದಿನ ತುಷಾರ್ ಭಾಯ್, ಊರಿನ ಹುಡುಗಿಯರೆಲ್ಲ ಕೊರಿಯನ್ ಸೀರಿಯಲ್ ನೋಡಿ ಅಲ್ಲಿಗೆ ಹೋಗಬೇಕು ಅಂತಿದ್ದಾರೆ, ನಮ್ಮಲ್ಲಿ ಕೊರಿಯಾ ಗೊತ್ತಿರುವವರು ಯಾರು ಎಂದು ಮೀಟಿಂಗಿನಲ್ಲಿ ಕೇಳಿದ. ಎಲ್ಲರೂ ಫೋನ್ ನೋಡತೊಡಗಿದರು. ಅನಂತರಾಮನ ಫೋನ್ ಚಾರ್ಜಿಗೆ ಹಾಕಿತ್ತು. ಹೀಗೆ ಅವನು ಕೊರಿಯಾ ತಜ್ಞನಾದ.

ನಿಜವಾದ ತಜ್ಞೆ ಮನೆಯಲ್ಲಿದ್ದಳು. ಮೃಣಾಲಿನಿ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಕೊರಿಯಾದಲ್ಲೇ ಇರುತ್ತಿದ್ದಳು. ಗಂಡನಿಗೆ ಭಾಷಣ ಗಂಟುಬಿದ್ದಿದೆ ಎಂದು ತಿಳಿದದ್ದೇ ತಡ, ಒಂದು ಇನ್ನೂರು ಪುಟದ ನೋಟ್‌ಬುಕ್ ತರಿಸಿ, ಗುಂಡಗಿನ ಅಕ್ಷರದಲ್ಲಿ ಇಡೀ ದೇಶವನ್ನು ಕನ್ನಡದಲ್ಲಿ ಬರೆದಿಟ್ಟಳು. ಅವರು ವಯಸ್ಸು ಕೇಳುತ್ತಾರೆ, ಬೇಜಾರು ಮಾಡಿಕೊಳ್ಳಬಾರದು. ನಮ್ಮಲ್ಲೂ ನೀನು ಅನ್ನಬೇಕೋ ನೀವು ಅನ್ನಬೇಕೋ ತಿಳಿಯಬೇಡವೇ? ದೊಡ್ಡವರಿಗೆ ಏನು ಕೊಟ್ಟರೂ ಎರಡು ಕೈಯಲ್ಲಿ ಕೊಡಬೇಕು. ಅನ್ನದಲ್ಲಿ ಊಟದ ಕಡ್ಡಿಗಳನ್ನು ನೆಟ್ಟಗೆ ಚುಚ್ಚಿಡಬಾರದು, ಅದು ಸತ್ತವರಿಗೆ ಇಡುವ ರೀತಿ. ಹಳೆಯ ಮನೆಗಳ ನೆಲ ಬೆಚ್ಚಗಿರುತ್ತದೆ, ಅಡಿಯಲ್ಲಿ ಬಿಸಿ ಹಾಯಿಸುತ್ತಾರೆ. ಊಟ ಆಯ್ತಾ ಎಂದು ಕೇಳುತ್ತಾರೆ, ಆಯಿತು ಎನ್ನಿ, ಇಲ್ಲವಾದರೆ ಬಿಡುವುದಿಲ್ಲ. ಅನಂತರಾಮ ಇದನ್ನೇ ಇಂಗ್ಲಿಷಿಗೆ ತಿರುಗಿಸಿ ಹೇಳುತ್ತಿದ್ದ. ನಗಿಸಬೇಕಾದ ಜಾಗದಲ್ಲಿ ಅವಳು ಅಂಚಿನಲ್ಲಿ ‘ನಿಲ್ಲಿಸಿ’ ಎಂದು ಬರೆದಿದ್ದಳು. ಅವನು ನಿಲ್ಲಿಸುತ್ತಿದ್ದ, ಜನ ನಗುತ್ತಿದ್ದರು.

ಹೋದ ವರ್ಷ ಮಾರ್ಚ್‌ನಲ್ಲಿ ಹೊಟ್ಟೆನೋವು ಎಂದ ಮೃಣಾಲಿನಿ ಮೇ ತಿಂಗಳಲ್ಲಿ ಇರಲಿಲ್ಲ.

ಅನಂತರಾಮ ಅಳಲಿಲ್ಲ. ಅದನ್ನು ಧೈರ್ಯ ಅಂದರು ಕೆಲವರು, ಅವನೂ ಅಲ್ಲಗಳೆಯಲಿಲ್ಲ. ಬಹಳ ಹೊತ್ತು ಚಕ್ಕಳಮಕ್ಕಳ ಹಾಕಿ ಕೂತು ಎದ್ದಾಗ ಕಾಲು ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲವಲ್ಲ, ಅವನಿಗೆ ಹಾಗೆ ಒಳಗೆಲ್ಲ ಜೋಮು ಹಿಡಿದಿತ್ತು. ನೋವಿರಲಿಲ್ಲ. ಪಕ್ಕದ ಬ್ಲಾಕಿನ ಭಾರ್ಗವಿ ತಂದುಕೊಟ್ಟ ಬಿಸಿಬೇಳೆಭಾತ್ ತಿಂದು ಚೆನ್ನಾಗಿದೆ ಎಂದ. ಅದಕ್ಕೆ ಉಪ್ಪೇ ಹಾಕಿರಲಿಲ್ಲ ಎಂದು ಆಕೆ ಮನೆಗೆ ಹೋದಮೇಲೆ ಫೋನ್ ಮಾಡಿ ಕ್ಷಮೆ ಕೇಳಿದರು. ಒಂದೂವರೆ ತಿಂಗಳಿಗೆ ಮತ್ತೆ ರಿವರ್‌ಸೈಡ್‌ಗೆ ಹೋದ. ನೋಟ್‌ಬುಕ್ ತೆರೆದ. ‘ನಿಲ್ಲಿಸಿ’ ಎಂದಿದ್ದಲ್ಲಿ ನಿಲ್ಲಿಸಿದ. ಜನ ನಕ್ಕರು. ಮನೆಗೆ ಬಂದ. ಮೃಣಾಲಿನಿ ಮಾತಾಡುವುದು ಇನ್ನು ತಿಂಗಳಿಗೊಂದು ಸಲ, ಒಂದು ಗಂಟೆ, ಅದೂ ತನ್ನ ಬಾಯಿಂದ ಎಂಬುದು ಅವನಿಗೆ ಗೊತ್ತಿತ್ತು. ಗೊತ್ತಿತ್ತು ಅಷ್ಟೆ.

ಈ ಜುಲೈನ ಒಂದು ಗುರುವಾರ, ನೈರೋಬಿಯ ಮೋಡ ಹಾರ್ಡ್‌ವೇರ್ ಅಂಗಡಿಯ ತಗಡಿನ ಮೇಲೆಯೇ ಕೂತಿದ್ದ ದಿನ, ತುಷಾರ್ ಭಾಯ್ ಚಹಾ ಹಿಡಿದು ಅವನ ಮೇಜಿಗೆ ಬಂದ.

“ರಾಮ್ ಭಾಯ್, ಅಕ್ಟೋಬರ್ ಗುಂಪು ಹದಿನೈದು ಜನ ಆಯ್ತು. ಹದಿನಾರನೇ ಸೀಟು ಏರ್‌ಲೈನ್‌ನವರು ನಮಗೆ ಪುಕ್ಕಟೆ ಬಿಡ್ತಾರೆ. ನೀವು ಹೋಗಿ ಬನ್ನಿ.”

“ನಾನಾ?”

“ಮತ್ತೆ? ಎಂಟು ವರ್ಷದಿಂದ ಅಡುಗೆ ಬಗ್ಗೆ ಭಾಷಣ ಮಾಡ್ತಿದ್ದೀರಿ, ಒಂದ್ಸಲ ಊಟಕ್ಕೆ ಕೂತ್ಕೊಳ್ಳಿ.”

“ಯೋಚನೆ ಮಾಡಿ ಹೇಳ್ತೀನಿ.”

“ಮಾಡಿ. ಆದ್ರೆ ಸೋಮವಾರ ಮಧ್ಯಾಹ್ನದೊಳಗೆ ಪಾಸ್‌ಪೋರ್ಟ್ ಬೇಕು, ವೀಸಾಕ್ಕೆ ಹಾಕ್ಬೇಕು. ಒಬ್ಬ ಗಿರಾಕಿ ಮೊನ್ನೆ ಕೇಳಿಬಿಟ್ಟ, ನಿಮ್ಮ ಮಾತಾಡೋರು ಹೋಗಿ ಬಂದಿದ್ದಾರಾ ಅಂತ. ಇನ್ನು ಮುಂದೆ ಯಾರು ನೋಡ್ಕೊಂಡು ಬರ್ತಾರೋ ಅವರೇ ಮಾತಾಡೋದು. ನೀವು ಹೋಗ್ದೇ ಇದ್ರೆ ಲಾರೆನ್ಸ್ ಹೋಗ್ತಾನೆ. ಆಮೇಲೆ ಭಾಷಣಾನೂ ಅವನದೇ.”

ಸಫಾರಿ ವಿಭಾಗ ನೋಡಿಕೊಳ್ಳುವ ಲಾರೆನ್ಸ್ ಪಕ್ಕದ ಮೇಜಿನಿಂದ ತಲೆ ಎತ್ತಿದ. “ಕೊರಿಯಾದ ಕಾಡಲ್ಲಿ ಆನೆ ಇದೆಯಾ?”

“ಇಲ್ಲ.”

“ಸಿಂಹ?”

“ಇಲ್ಲ.”

“ಹಾಗಾದ್ರೆ ಸುಲಭ,” ಎಂದು ಲಾರೆನ್ಸ್ ಮತ್ತೆ ಕೆಲಸಕ್ಕೆ ತಿರುಗಿದ.

ಅಂದು ಸಂಜೆ ಮನೆ ಕಡೆಯ ಮಟಾಟು ವ್ಯಾನಿನಲ್ಲಿ ಕೂತು ಅನಂತರಾಮ ಲೆಕ್ಕ ಹಾಕಿದ. ಹೋಗದಿದ್ದರೆ ನೋಟ್‌ಬುಕ್ ಮುಚ್ಚಿಹೋಗುತ್ತದೆ. ಹೋದರೆ, ನಿಜವಾದ ಕೊರಿಯಾ ಕೆಂಪು ಪೆನ್ನು ಹಿಡಿದು ಅದರ ಪುಟಪುಟವನ್ನೂ ತಿದ್ದುತ್ತದೆ. ತಿದ್ದಿದ ಮೇಲೆ ಅದು ತನ್ನ ಭಾಷಣ, ಅವಳದಲ್ಲ. ಎರಡೂ ಕಡೆ ಅವಳ ಬಾಯಿ ಮುಚ್ಚುತ್ತದೆ. ಇದು ದೊಡ್ಡ ಸಂಕಟ ಎಂದು ಅವನಿಗೆ ಅರ್ಥವಾಯಿತು, ಬೇರೆ ಯಾರಿಗೋ ಬಂದ ಸಂಕಟವನ್ನು ಪೇಪರಿನಲ್ಲಿ ಓದಿದ ಹಾಗೆ. ಇಳಿಯಬೇಕಾದ ಸ್ಟಾಪ್ ದಾಟಿ ಎರಡು ಸ್ಟಾಪ್ ಆಗಿತ್ತು.

ಶನಿವಾರ ಬೆಳಿಗ್ಗೆ ನಿಹಾರಿಕಾ ಟೋಸ್ಟ್ ಕಚ್ಚುತ್ತ ಕೇಳಿದಳು. ಬ್ಯಾಂಕಿನಲ್ಲಿ ಕೆಲಸ ಮಾಡುವ ಅವಳಿಗೆ ಕನ್ನಡ ಕಿವಿಯಲ್ಲಿ ಮಾತ್ರ ಇತ್ತು, ನಾಲಿಗೆಯಲ್ಲಿ ಇರಲಿಲ್ಲ.

“ಅಪ್ಪಾ, ಆರ್ ಯು ಗೋಯಿಂಗ್ ಆರ್ ನಾಟ್?”

“ನೋಡ್ಬೇಕು ಪುಟ್ಟಿ.”

“ಅಮ್ಮ ವುಡ್ ಹ್ಯಾವ್ ಪ್ಯಾಕ್ಡ್ ಬೈ ನೌ.”

“ನಿಮ್ಮಮ್ಮ ಗುರುವಾರಾನೇ ಪ್ಯಾಕ್ ಮಾಡಿರ್ತಿದ್ಲು. ಚಟ್ನಿಪುಡಿ ಸಮೇತ.”

“ದೆನ್?”

“ಅದಕ್ಕೇ ಕಷ್ಟ,” ಎಂದ. ಅವಳು ಅವನ ತಟ್ಟೆಯಲ್ಲಿದ್ದ ಟೋಸ್ಟಿಗೆ ತಾನೇ ಬೆಣ್ಣೆ ಹಚ್ಚಿಟ್ಟು ಹೋದಳು.

ಆ ಶನಿವಾರದ ಹಾಲ್‌ನಲ್ಲಿ ಅಕ್ಟೋಬರ್ ಗುಂಪಿನ ಹದಿನೈದು ಜನರೂ ಇದ್ದರು. ಅನಂತರಾಮ ಎಂದಿನಂತೆ ವಯಸ್ಸಿನಿಂದ ಶುರುಮಾಡಿ, ಕಡ್ಡಿ, ಅನ್ನ, ಬೆಚ್ಚಗಿನ ನೆಲ ದಾಟಿ, ಮನೆಯೊಳಗೆ ಹೋಗುವ ಪುಟಕ್ಕೆ ಬಂದ. ಬಾಗಿಲಲ್ಲಿ ಚಪ್ಪಲಿ ಬಿಡಬೇಕು. ಕಾಲು ತೊಳೆದುಕೊಂಡು ಒಳಗೆ ಹೋಗಬೇಕು. ನೀರು ಎಲ್ಲಿದೆ ಎಂದು ಮನೆಯವರನ್ನು ಕೇಳಲು ಸಂಕೋಚಪಡಬಾರದು. ಒಂದು ಸಣ್ಣ ಟವೆಲ್ ಜೊತೆಗಿರಲಿ, ಒದ್ದೆ ಕಾಲಲ್ಲಿ ಮನೆಯೆಲ್ಲ ಓಡಾಡಬಾರದು. ಈ ಕೊನೆಯ ಮಾತಿಗೆ ತುಷಾರ್ ಭಾಯ್ ಎಷ್ಟು ಮರುಳಾಗಿದ್ದನೆಂದರೆ, ಏಜೆನ್ಸಿಯ ಹೆಸರು ಅಚ್ಚು ಹಾಕಿಸಿದ ನೀಲಿ ಟವೆಲ್ ಒಂದನ್ನು ಎಂಟು ವರ್ಷದಿಂದ ಪ್ರತಿ ಪ್ರಯಾಣಿಕರಿಗೂ ಕೊಡುತ್ತಿದ್ದ.

ಹಿಂದಿನ ಸಾಲಿನಲ್ಲಿ ಒಬ್ಬರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಅಲ್ಲಿ ‘ನಿಲ್ಲಿಸಿ’ ಎಂದು ಇರಲಿಲ್ಲ. ಅನಂತರಾಮ ನೋಡಿದ. ಕಸರಾನಿಯ ಶಾಲೆಯೊಂದರ ಟೀಚರ್ ಗ್ಲೋರಿಯಾ. ಏಪ್ರಿಲ್ ಗುಂಪಿನಲ್ಲಿ ಹೋಗಿ ಬಂದವರು.

ಮಾತು ಮುಗಿದು ಎಲ್ಲರೂ ಚಹಾಕ್ಕೆ ಹೋದಾಗ ಆಕೆ ಮುಂದೆ ಬಂದು ಕೈ ಚಾಚಿದರು, ಎಡಗೈಯಿಂದ ಬಲ ಮೊಣಕೈ ಹಿಡಿದು. ಅದು ಕೊರಿಯಾದ ಮರ್ಯಾದೆಯೋ ಇಲ್ಲಿನದೋ ಅನಂತರಾಮನಿಗೆ ತಿಳಿಯಲಿಲ್ಲ. ಅವನೂ ಹಾಗೆಯೇ ಕೈ ಕೊಟ್ಟ.

“ಮ್ಜೇ, ಚೆನ್ನಾಗಿದ್ದೀರಾ?” ಹಿರಿಯರನ್ನು ಇಲ್ಲಿ ಹಾಗೆಯೇ ಕರೆಯುತ್ತಾರೆ.

“ಚೆನ್ನಾಗಿದ್ದೀನಿ ಮ್ವಾಲಿಮು. ಪ್ರವಾಸ ಹೇಗಾಯ್ತು?” ಟೀಚರಿಗೆ ಇಲ್ಲಿ ಮ್ವಾಲಿಮು ಅನ್ನಬೇಕು.

“ನೀವು ಹೇಳಿದ್ದೆಲ್ಲ ನಿಜ. ವಯಸ್ಸು ಕೇಳಿದ್ರು. ನೆಲ ಬೆಚ್ಚಗಿತ್ತು. ಒಂದು ವಿಷಯ ಕೇಳ್ಲಾ, ಬೇಜಾರು ಮಾಡ್ಕೋಬಾರದು.”

“ಕೇಳಿ.”

“ನೀವು ಕೊರಿಯಾಕ್ಕೆ ಹೋಗಿಲ್ಲ, ಅಲ್ವಾ?”

ಎಂಟು ವರ್ಷ ಯಾರೂ ಕೇಳದ ಪ್ರಶ್ನೆ ಒಂದೇ ವಾರದಲ್ಲಿ ಎರಡು ಸಲ ಬಂದಿತ್ತು. “ಇಲ್ಲ,” ಎಂದ ಅನಂತರಾಮ.

“ನನಗೆ ಗೊತ್ತಾಯ್ತು. ಯಾಕಂದ್ರೆ ಅಲ್ಲಿ ಯಾರೂ ಬಾಗಿಲಲ್ಲಿ ಕಾಲು ತೊಳೆಯೋದಿಲ್ಲ.”

“ತೊಳೆಯೋದಿಲ್ವಾ?”

“ಚಪ್ಪಲಿ ಬಿಡ್ತಾರೆ, ಒಳಗೆ ಹೋಗ್ತಾರೆ. ಮಧ್ಯೆ ಏನೂ ಇಲ್ಲ.”

ಅನಂತರಾಮ ನೋಟ್‌ಬುಕ್ ತೆರೆದು ಆ ಪುಟ ನೋಡಿದ. ಅವನಿಗೆ ಎಲ್ಲ ಅರ್ಥವಾಯಿತು. ಸೀರಿಯಲ್‌ನಲ್ಲಿ ಜನ ಬಾಗಿಲ ಹತ್ತಿರ ಚಪ್ಪಲಿ ಬಿಡುತ್ತಾರೆ, ಮರುಕ್ಷಣ ಒಳಗೆ ಕೂತಿರುತ್ತಾರೆ. ನಡುವೆ ಕಾಲು ತೊಳೆಯುವುದನ್ನು ತೋರಿಸಿ ಯಾರೂ ಸಮಯ ಹಾಳುಮಾಡುವುದಿಲ್ಲ ಎಂದುಕೊಂಡು ಮೃಣಾಲಿನಿ ಅದನ್ನು ತಾನೇ ತುಂಬಿದ್ದಳು. ಬೀದಿಯಿಂದ ಬಂದವರು ಕಾಲು ತೊಳೆಯದೆ ಒಳಗೆ ಬರುವ ದೇಶ ಒಂದಿದೆ, ಅದನ್ನು ತಾನು ಇಷ್ಟು ಪ್ರೀತಿಸುತ್ತಿದ್ದೇನೆ ಎಂಬುದು ಅವಳ ತಲೆಗೆ ಹೊಳೆದಿರಲಾರದು. ‘ಒದ್ದೆ ಕಾಲಲ್ಲಿ ಮನೆಯೆಲ್ಲ ಓಡಾಡಬಾರದು’ ಎಂಬ ಮಾತಂತೂ ಇಪ್ಪತ್ತೆಂಟು ವರ್ಷ ಅವನಿಗೇ ದಿನಕ್ಕೊಮ್ಮೆ ಹೇಳಿದ್ದು. ಎಂಟು ವರ್ಷದಿಂದ ಅವನು ಕೊರಿಯಾ ಎಂದುಕೊಂಡು ಮೈಸೂರಿನ ಚಾಮರಾಜಪುರಂನಲ್ಲಿ ಅವಳ ತವರುಮನೆಯ ಹಿತ್ತಲ ಬಚ್ಚಲನ್ನು ಪರಿಚಯ ಮಾಡಿಸುತ್ತಿದ್ದ.

“ಪೋಲೆ ಸಾನಾ ಮ್ವಾಲಿಮು,” ಎಂದ. ಕ್ಷಮೆಗೂ ಸಂತಾಪಕ್ಕೂ ಒಗ್ಗುವ ಆ ಸ್ವಾಹಿಲಿ ಮಾತು ಅವನಿಗೆ ಹೋದ ವರ್ಷದಿಂದ ಚೆನ್ನಾಗಿ ಅಭ್ಯಾಸವಾಗಿತ್ತು. “ನಿಮಗೆ ಅವಮಾನ ಆಗಿರ್ಬೇಕು.”

“ಕೇಳಿ, ಮುಗಿದಿಲ್ಲ.” ಗ್ಲೋರಿಯಾ ಕುರ್ಚಿ ಎಳೆದು ಕೂತರು. “ಜಿಯೊಂಜು ಊರಲ್ಲಿ ಹಳೇ ಮನೆಯಲ್ಲಿ ನಮ್ಮನ್ನ ಉಳಿಸಿದ್ರಲ್ಲ. ಅಲ್ಲಿ ಒಬ್ಬರು ಅಜ್ಜಿ. ನಾನು ಚಪ್ಪಲಿ ಬಿಟ್ಟು, ನಿಮ್ಮ ನೀಲಿ ಟವೆಲ್ ತೆಗೆದೆ. ಅಷ್ಟೇ. ಅಜ್ಜಿ ತಲೆ ಆಡಿಸಿ ಪಕ್ಕಕ್ಕೆ ಕೈ ತೋರಿಸಿದ್ರು. ಮೆಟ್ಟಿಲ ಹತ್ತಿರ ಕೆಂಪು ಟಬ್ಬು, ಬಿಸಿನೀರು, ಕೂತ್ಕೊಳ್ಳೋಕೆ ಮಣೆ. ಎಲ್ಲ ರೆಡಿ.”

“ಆದ್ರೆ ಈಗ ತಾನೆ ಹೇಳಿದ್ರಿ, ಅವರು ತೊಳೆಯೋದಿಲ್ಲ ಅಂತ.”

“ಅವರು ತೊಳೆಯೋದಿಲ್ಲ. ಹಿಂದಿನ ಗುಂಪಿನವರೆಲ್ಲ ನೀರು ಕೇಳಿದ್ದು ನೋಡಿ, ನಾವು ತೊಳೀತೀವಿ ಅಂತ ಅವರು ನಂಬಿದ್ದಾರೆ. ಗೈಡನ್ನ ಕೇಳಿದೆ. ಕೆನ್ಯಾದವರು ತುಂಬ ಶುಚಿಯಾದ ಜನ, ಕಾಲು ತೊಳೀದೆ ಯಾರ ಮನೆಗೂ ಕಾಲಿಡೋದಿಲ್ಲ, ಟವೆಲ್ ಮನೆಯಿಂದಲೇ ತರ್ತಾರೆ, ಅದು ಅವರ ಸಂಪ್ರದಾಯ ಅಂತ ಅಜ್ಜಿ ಬೀದಿಯವರಿಗೆಲ್ಲ ಹೇಳಿದ್ದಾರಂತೆ. ಮ್ಜೇ, ನಾನು ಕಿಸುಮು ಕಡೆಯವಳು. ನಮ್ಮಜ್ಜಿಗೆ ಇದನ್ನ ಹೇಳಿದ್ರೆ ಬಿದ್ದು ಬಿದ್ದು ನಗ್ತಿದ್ರು.”

ಫೋನ್ ತೆಗೆದು ತೋರಿಸಿದರು. ಕಲ್ಲಿನ ಮೆಟ್ಟಿಲು, ಕೆಂಪು ಪ್ಲಾಸ್ಟಿಕ್ ಟಬ್ಬು, ಮಣೆ. ಗೋಡೆಗೆ ಅಂಟಿಸಿದ ಕಾಗದದಲ್ಲಿ ಕೊರಿಯನ್ ಅಕ್ಷರ. “ಕೆನ್ಯಾದ ಅತಿಥಿಗಳಿಗೆ ಅಂತ ಬರೆದಿದೆಯಂತೆ,” ಎಂದರು.

ಅನಂತರಾಮ ಚಿತ್ರವನ್ನು ಹತ್ತಿರ ತಂದು ನೋಡಿದ. ಮಣೆ ಟಬ್ಬಿನ ಎಡಕ್ಕಿತ್ತು. ಮೃಣಾಲಿನಿಯಾಗಿದ್ದರೆ ಬಲಕ್ಕೆ ಇಡುತ್ತಿದ್ದಳು.

“ಇದನ್ನ ಭಾಷಣದಿಂದ ತೆಗೀತೀರಾ?” ಗ್ಲೋರಿಯಾ ಕೇಳಿದರು.

“ತೆಗೀಬೇಕಲ್ವಾ, ತಪ್ಪು ಅಂದಮೇಲೆ?”

“ತೆಗೆದ್ರೆ ಅಕ್ಟೋಬರ್‌ನಲ್ಲಿ ಅಜ್ಜಿ ನೀರು ಕಾಯಿಸಿಟ್ಟು ಕಾಯ್ತಾರೆ. ಹದಿನೈದು ಜನ ಸುಮ್ಮನೆ ಒಳಗೆ ನುಗ್ತಾರೆ. ನಮ್ಮ ದೇಶದ ಮರ್ಯಾದೆ ಏನಾಗ್ಬೇಕು?”

ಅವನು ನಕ್ಕನೋ ಇಲ್ಲವೋ ಅವನಿಗೇ ಸರಿಯಾಗಿ ತಿಳಿಯಲಿಲ್ಲ. ಮುಖದಲ್ಲಿ ಏನೋ ಅಲುಗಿತು. ಕೂತು ಕೂತು ಜೋಮು ಹಿಡಿದ ಕಾಲನ್ನು ನೆಲಕ್ಕೆ ಊರಿದಾಗ ಮೊದಲು ಎಲ್ಲೋ ದೂರದಲ್ಲಿ, ಯಾರದೋ ಕಾಲಲ್ಲಿ ಎಂಬಂತೆ, ಒಂದೇ ಒಂದು ಸೂಜಿ ಚುಚ್ಚುತ್ತದೆ. ಅಷ್ಟು ಆಯಿತು. ಅದಕ್ಕಿಂತ ಹೆಚ್ಚು ಆಗಲಿಲ್ಲ.

“ಅಸಾಂಟೆ ಮ್ವಾಲಿಮು,” ಎಂದು ಧನ್ಯವಾದ ಹೇಳಿದ. ಆ ಚಿತ್ರ ಕಳಿಸಿ ಎಂದು ಕೇಳಿಕೊಂಡ.

ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ, ಅವಳು ಕೊರಿಯಾಕ್ಕೆ ಹೋಗುತ್ತಿದ್ದ ಹೊತ್ತಿಗೆ, ಅನಂತರಾಮ ಊಟದ ಮೇಜಿನ ಮೇಲೆ ನೋಟ್‌ಬುಕ್ ತೆರೆದಿಟ್ಟುಕೊಂಡು ಕೂತ. ಎಂಟು ವರ್ಷದಲ್ಲಿ ಅದರಲ್ಲಿ ಅವನು ಒಂದಕ್ಷರವನ್ನೂ ಬರೆದಿರಲಿಲ್ಲ. ಕಾಲು ತೊಳೆಯುವ ಸಾಲನ್ನು ಹೊಡೆದುಹಾಕಬೇಕೆಂದು ಪೆನ್ನು ಎತ್ತಿದ, ಹೊಡೆಯಲಿಲ್ಲ. ಅದರ ಕೆಳಗೆ, ಕಾಗೆ ಕಾಲು ಗುಬ್ಬಿ ಕಾಲಿನ ತನ್ನ ಅಕ್ಷರದಲ್ಲಿ ಬರೆದ: ‘ಬೇರೆ ಕಡೆ ಇಲ್ಲ. ಜಿಯೊಂಜುವಿನ ಅಜ್ಜಿ ಮನೆಯಲ್ಲಿ ಮಾತ್ರ ತೊಳೆಯಬೇಕು. ಮಣೆ ಎಡಕ್ಕಿರುತ್ತದೆ.’ ಬರೆದದ್ದನ್ನು ಓದಿ ನೋಡಿದ. ಅವಳ ಸಾಲಿನ ಕೆಳಗೆ ಅದು ಅಷ್ಟೇನೂ ಅಸಹ್ಯವಾಗಿ ಕಾಣಲಿಲ್ಲ.

ಸೋಮವಾರ ನ್ಗಾರಾದ ಆಫೀಸಿನಲ್ಲಿ ಹನ್ನೊಂದೂವರೆ ಆಗಿತ್ತು. ಲಾರೆನ್ಸ್ ಆಗಲೇ ತನ್ನ ಪಾಸ್‌ಪೋರ್ಟ್ ತಂದು ಮೇಜಿನ ಮೇಲೆ ಇಟ್ಟುಕೊಂಡಿದ್ದ, ಯಾವುದಕ್ಕೂ ಇರಲಿ ಎಂದು. ತುಷಾರ್ ಭಾಯ್ ಫೋನಿನಲ್ಲಿ ಟವೆಲ್ ಅಚ್ಚು ಹಾಕುವವನ ಜೊತೆ ಮಾತಾಡುತ್ತಿದ್ದ. ಅನಂತರಾಮನನ್ನು ಕಂಡು ಫೋನ್ ಕಿವಿಯಿಂದ ಇಳಿಸಿದ.

“ರಾಮ್ ಭಾಯ್, ಅಕ್ಟೋಬರ್ ಟವೆಲ್ ಹದಿನೈದು ಹೇಳಿದೀನಿ. ಸಾಕಲ್ವಾ?”

“ಹದಿನಾರು ಹೇಳಿ,” ಎಂದ ಅನಂತರಾಮ.

“ಗುಂಪಲ್ಲಿರೋದು ಹದಿನೈದೇ ಜನ.”

“ನನ್ನ ಕಾಲಿಗೆ ಒಂದು ಬೇಡ್ವಾ?” ಎಂದು ಅವನು ಜೇಬಿನಿಂದ ಪಾಸ್‌ಪೋರ್ಟ್ ತೆಗೆದು ಎರಡು ಕೈಯಲ್ಲಿ ಹಿಡಿದು ಕೊಟ್ಟ. ತುಷಾರ್ ಭಾಯ್ ಒಂದೇ ಕೈಯಲ್ಲಿ ತೆಗೆದುಕೊಂಡ. ಲಾರೆನ್ಸ್ ತನ್ನದನ್ನು ಡ್ರಾಯರಿಗೆ ಹಾಕಿ, ಆನೆಗಳ ಕಡೆಗೆ ಹೊರಳಿದ.