ರೇಡಿಯೊ ಡಾಕ್ಟರ ಹತ್ತಿರ ಹೋದದ್ದು

ಸಲೂನಿನಲ್ಲಿ ಅವನಿಗೆ ರೇಡಿಯೊ ಅಂತಲೇ ಹೆಸರು ಬಿದ್ದಿತ್ತು. ಒಂದಷ್ಟು ವಾರ ಕತ್ತರಿಗೂ ಬಾಯಿಗೂ ಪುರುಸೊತ್ತಿಲ್ಲ. ಬೇರೆ ಕುರ್ಚಿ ಖಾಲಿಯಿದ್ದರೂ ಗಿರಾಕಿಗಳು ಅವನಿಗೇ ಕಾಯುತ್ತಿದ್ದರು. ಆಮೇಲೆ ಇದ್ದಕ್ಕಿದ್ದಂತೆ ಸದ್ದಡಗುತ್ತಿತ್ತು. "ಮೀಸೆ ಇರಲಾ, ತೆಗೀಲಾ?" ಅಂತ ಕೇಳುವುದಕ್ಕೂ ಬಾಯಿ ತೆರೆಯುತ್ತಿರಲಿಲ್ಲ. ಹಾಗೆ ಕೇಳದೆ ತೆಗೆದ ಮೀಸೆಯೊಂದರ ಯಜಮಾನರು ಈಗಲೂ ಸಲೂನ್ ಬಂತೆಂದರೆ ರಸ್ತೆ ದಾಟಿ ಆಚೆ ಬದಿಯಲ್ಲಿ ಹೋಗುತ್ತಾರೆ.

"ನಮ್ಮ ಭಾವಮೈದ ತೋರಿಸ್ಕೊಂಡಿದ್ದ ಮನಸ್ಸಿನ ಡಾಕ್ಟರು ಇದ್ದಾರೆ. ಹೋಗಿ ಬಾರಯ್ಯ," ಅಂದ ಮಾಲೀಕ. "ಇರೋ ಮೀಸೆಗಳಾದ್ರೂ ಉಳೀಲಿ."

ರೇಡಿಯೊ ರೋಗ ಪತ್ತೆಯನ್ನು ಮನೆಯಲ್ಲೇ ಮುಗಿಸಿಕೊಂಡು ಹೊರಟ. ಸುಮ್ಮನಿರುವ ವಾರಗಳು ಕಾಯಿಲೆ, ಮಾತಾಡುವ ವಾರಗಳು ಆರೋಗ್ಯ. ಡಾಕ್ಟರು ಮಾಡಬೇಕಾದದ್ದು ಇಷ್ಟೇ: ಕಟಿಂಗ್ ಮಾಡಿದ ಹಾಗೆ ಪಕ್ಕದಲ್ಲಿ ಸಣ್ಣಗೆ ಹೊಡೆದು, ಮೇಲೆ ಹಾಗೇ ಬಿಡುವುದು. ಮನೆಯವರು ಒಬ್ಬರು ಬರಲಿ ಅಂತ ಆಸ್ಪತ್ರೆಯವರು ಅಂದಿದ್ದರಿಂದ ಅಕ್ಕನನ್ನೂ ಕರೆದುಕೊಂಡ.

ಡಾಕ್ಟರಮ್ಮ ಅವನ ಮಾತೆಲ್ಲ ಕೇಳಿ ಅಕ್ಕನ ಕಡೆ ತಿರುಗಿದರು. "ನಿಮಗೇನು ಅನ್ಸುತ್ತೆ?"

"ಬೇಜಾರಲ್ಲಿದ್ದಾಗ ಮಲಗೇ ಇರ್ತಾನೆ ಡಾಕ್ಟ್ರೇ. ಊಟ ಅಂದ್ರೆ ಗೋಡೆ ಕಡೆ ತಿರುಗ್ತಾನೆ. ನೋಡೋಕೆ ಸಂಕಟ. ಆದ್ರೆ ಭಯ ಆಗೋದು ಇವನು ಖುಷಿಯಾಗಿದ್ದಾಗ."

ರೇಡಿಯೊ ಕತ್ತು ತಿರುಗಿಸಿ ನೋಡಿದ.

"ನಿದ್ದೆನೇ ಮಾಡಲ್ಲ. ಅಡಿಗೆಮನೆಗೆ ಬಣ್ಣ ಹೊಡೆಯೋಕೆ ಶುರು ಮಾಡ್ದ. ಒಂದು ಗೋಡೆ ಆಗೋಷ್ಟರಲ್ಲಿ ಸ್ವಂತ ಸಲೂನಿನ ಯೋಚನೆ. ಬೈಕ್ ಹತ್ತಿದ್ರೆ ವಾಪಸ್ ಬರೋವರೆಗೂ ನಂಗೆ ಜೀವದಲ್ಲಿ ಜೀವ ಇರಲ್ಲ. ಅದಕ್ಕೇ ಕೀ ತೆಗೆದು ಹಿಟ್ಟಿನ ಡಬ್ಬದಲ್ಲಿ ಹೂತಿಡ್ತೀನಿ."

"ಅಕ್ಕಾ! ಕಳೆದುಹೋಯ್ತು ಅಂತ ಎಷ್ಟು ಸಲ ಹೊಸ ಕೀ ಮಾಡಿಸಿದೀನಿ!"

"ಎಲ್ಲವೂ ಅಲ್ಲೇ ಇವೆ ಕಣೋ."

ಡಾಕ್ಟರಮ್ಮ ನಗು ನುಂಗಿಕೊಂಡರು. ಏರು, ಇಳಿತ ಎರಡೂ ಸೇರಿ ಒಂದೇ ಕಾಯಿಲೆ ಇರಬಹುದು, ಇಲ್ಲದೆಯೂ ಇರಬಹುದು. ಇವತ್ತೇ ಹೆಸರಿಡಲಾಗದು, ರಕ್ತ ಪರೀಕ್ಷೆ ಆಗಲಿ, ಇನ್ನೊಂದೆರಡು ಸಲ ಮಾತಾಡೋಣ ಅಂದರು.

ರೇಡಿಯೊ ಕುರ್ಚಿ ಮುಂದಕ್ಕೆಳೆದುಕೊಂಡ. "ಆ ಖುಷಿನೂ ತೆಗೆದುಬಿಟ್ರೆ ನನ್ನ ಕುರ್ಚಿಗೆ ಯಾರು ಬರ್ತಾರೆ? ನನ್ನ ಕೈ ಓಡೋದೇ ಆಗ."

"ಔಷಧಿ ಬೇಕಾದ್ರೆ, ಮೊದಮೊದಲು ಸ್ವಲ್ಪ ಮಂಪರು ಅನ್ನಿಸಬಹುದು. ಸುಳ್ಳು ಹೇಳಲ್ಲ. ಹಾಗಾದ್ರೆ ಬಂದು ಜಗಳ ಆಡಿ, ಬದಲಾಯಿಸೋಣ."

ಹೊರಗೆ ಬೆಂಚುಗಳ ನಡುವೆ ಅವನು ಅಕ್ಕನನ್ನು ನಿಲ್ಲಿಸಿದ. "ಇವೆರಡರ ಮಧ್ಯೆ ನಾನು ಇರ್ತೀನಾ? ಮಾಮೂಲಾಗಿ?"

"ಇರ್ತೀಯಲ್ಲ, ಒಂದೊಂದು ವಾರ. ಆಗ ನೀನೂ ಮಾತಾಡ್ತೀಯ, ನಾನು ಹೇಳಿದ್ದೂ ಕೇಳಿಸ್ಕೋತೀಯ. ನಿಮ್ಮ ಭಾವನಿಗೆ ಇರೋ ನಾಲ್ಕು ಕೂದಲಲ್ಲಿ ಅಷ್ಟು ಚೆನ್ನಾಗಿ ಕಟಿಂಗ್ ಮಾಡಿದ್ದು ಅಂಥ ವಾರದಲ್ಲೇ."

ತನ್ನೊಳಗಿನ ಈ ಮಾಮೂಲು ಮನುಷ್ಯನನ್ನು ರೇಡಿಯೊ ಒಮ್ಮೆಯೂ ಗಮನಿಸಿರಲಿಲ್ಲ. ಹೇಗಿದ್ದಾನು? ಎಷ್ಟು ಮಾತಾಡಿಯಾನು? ನೋಡಬೇಕಲ್ಲ ಅನ್ನಿಸಿತು. ಕೌಂಟರಿಗೆ ಹೋಗಿ, ಅಕ್ಕನಿಗೂ ಬಿಡುವಿರುವ ದಿನ ಕೇಳಿಕೊಂಡು, ಮುಂದಿನ ವಾರಕ್ಕೆ ಹೆಸರು ಬರೆಸಿದ.